ಟ್ಯಾಲಿಯಲ್ಲಿ ಕಂಪನಿ ಕಾಣುತ್ತಿಲ್ಲವೇ? ರಿಸ್ಟೋರ್ ಒತ್ತುವ ಮುನ್ನ ಇದನ್ನು ಓದಿ

ಬೆಳಿಗ್ಗೆ ಅಂಗಡಿ ತೆರೆದು, ಸಿಸ್ಟಮ್ ಆನ್ ಮಾಡಿ ಟ್ಯಾಲಿ ಒತ್ತಿದರೆ ದಿನಾ ಕಾಣುತ್ತಿದ್ದ ಕಂಪನಿ ಹೆಸರೇ ಇಲ್ಲ. ಪಟ್ಟಿ ಖಾಲಿ. ವರ್ಷಗಟ್ಟಲೆ ಬರೆದ ಬಿಲ್ಲು, ಬಾಕಿ, ಸ್ಟಾಕು ಎಲ್ಲವೂ ಹೋಯಿತೆಂದು ಎದೆ ಧಸಕ್ಕೆನ್ನುತ್ತದೆ. ಸಾಮಾನ್ಯವಾಗಿ ಏನೂ ಹೋಗಿರುವುದಿಲ್ಲ. ಫೈಲು ತನ್ನ ಜಾಗದಲ್ಲೇ ಇರುತ್ತದೆ, ಟ್ಯಾಲಿ ಇನ್ನೆಲ್ಲೋ ಹುಡುಕುತ್ತಿರುತ್ತದೆ. ನಿಜವಾದ ನಷ್ಟವಾಗುವುದು ಆಮೇಲಿನ ಗಾಬರಿಯಲ್ಲಿ. ಯಾರೋ ಒಬ್ಬರು ಹಳೇ ಬ್ಯಾಕಪ್ ರಿಸ್ಟೋರ್ ಮಾಡುತ್ತಾರೆ, ಇನ್ನೊಬ್ಬರು ಅದೇ ಹೆಸರಿನಲ್ಲಿ ಹೊಸ ಕಂಪನಿ ತೆರೆದು ಅಂದಿನ ಬಿಲ್ಲು ಹಾಕಲು ಶುರುಮಾಡುತ್ತಾರೆ, ಮೂರನೆಯವರು ಟ್ಯಾಲಿಯನ್ನೇ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡೋಣ ಎನ್ನುತ್ತಾರೆ. ಈ ಮೂರನ್ನೂ ಸದ್ಯಕ್ಕೆ ಮಾಡಬೇಡಿ. ಗಿರಾಕಿ ನಿಂತಿದ್ದರೆ ಅಂದಿನ ಬಿಲ್ಲನ್ನು ಕೈಬರಹದ ಬಿಲ್ ಪುಸ್ತಕದಲ್ಲಿ ಬರೆದುಕೊಡಿ, ಆಮೇಲೆ ಟ್ಯಾಲಿಗೆ ಏರಿಸಬಹುದು.

ಬೇರೆ ಅಕೌಂಟಿಂಗ್ ಸಾಫ್ಟ್‌ವೇರ್‌ಗಳೂ ಇವೆ. ಆದರೆ ನಮ್ಮ ಪೇಟೆಗಳಲ್ಲಿ ‘ಲೆಕ್ಕ ಹಾಕಿದ್ಯಾ’ ಎನ್ನುವ ಬದಲು ‘ಟ್ಯಾಲಿ ಹಾಕಿದ್ಯಾ’ ಎಂದೇ ಕೇಳುವುದರಿಂದ ಇಲ್ಲಿ ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲು, ನಿಜವಾಗಿಯೂ ಹೋಗಿದೆಯೇ?

ಕಂಪನಿ ತೆರೆಯುತ್ತದೆ, ಒಳಗಿನ ಎಂಟ್ರಿಗಳು ಮಾತ್ರ ಕಾಣುತ್ತಿಲ್ಲ ಎಂದಾದರೆ ಅವಧಿ ನೋಡಿ. ಏಪ್ರಿಲ್ ಬಂದಾಗ ಯಾರಾದರೂ ಪೀರಿಯಡ್ ಬದಲಿಸಿದ್ದರೆ ಮಾರ್ಚ್‌ವರೆಗಿನ ವೋಚರ್‌ಗಳು ಪರದೆಯಿಂದ ಮರೆಯಾಗುತ್ತವೆ. ಆಲ್ಟ್ ಜೊತೆ ಎಫ್2 ಒತ್ತಿ ಹಳೆಯ ದಿನಾಂಕದಿಂದ ಇಂದಿನವರೆಗೆ ಕೊಟ್ಟರೆ ಮತ್ತೆ ಬರುತ್ತವೆ. ಹಳೆಯ ವರ್ಷಗಳನ್ನು ಸ್ಪ್ಲಿಟ್ ಮಾಡಿದ್ದರೆ, ಅಂದರೆ ಒಡೆದು ಬೇರೆ ಮಾಡಿದ್ದರೆ, ಅವು ಬೇರೆ ಕಂಪನಿಯಾಗಿ ಕೂತಿರುತ್ತವೆ. ತಿಂಗಳ 1, 2ನೇ ತಾರೀಖು ಮತ್ತು ಕೊನೆಯ ದಿನ ಬಿಟ್ಟು ಬೇರೆ ದಿನ ಎಂಟ್ರಿ ಹಾಕಲು ಬಿಡುತ್ತಿಲ್ಲವೇ? ಅದು ಲೈಸೆನ್ಸ್ ಕೈಕೊಟ್ಟು ಎಜುಕೇಷನಲ್ ಮೋಡ್‌ಗೆ (ಕಲಿಯುವವರಿಗೆಂದು ಇರುವ ಸೀಮಿತ ಬಳಕೆಗೆ) ಹೋಗಿರುವ ಲಕ್ಷಣ, ಡೇಟಾಗೂ ಅದಕ್ಕೂ ಸಂಬಂಧವಿಲ್ಲ.

ಪಟ್ಟಿಯಲ್ಲಿ ಕಂಪನಿ ಹೆಸರಿನ ಜಾಗದಲ್ಲಿ ಬರೀ ನಕ್ಷತ್ರದ ಗುರುತು ಸಾಲಾಗಿ ಕಾಣುತ್ತಿದ್ದರೆ ಅದೇ ನಿಮ್ಮ ಕಂಪನಿ. ಯಾರೋ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದ್ದಾರೆ. ಅದು ಹೆಸರನ್ನೂ ಮುಚ್ಚಿಬಿಡುತ್ತದೆ. ಈ ಪಾಸ್‌ವರ್ಡ್ ಮರೆತರೆ ಟ್ಯಾಲಿಯವರೂ ತೆಗೆದುಕೊಡಲಾರರು. ಹಾಗಾಗಿ ಅಕೌಂಟೆಂಟ್ ಕೆಲಸ ಬಿಡುವ ದಿನ ಬೀಗದ ಕೈ ಕೇಳಿ ಪಡೆಯುವಂತೆ ಇದನ್ನೂ ಕೇಳಿ ಪಡೆಯಬೇಕು.

ಟ್ಯಾಲಿ ಎಲ್ಲಿ ಹುಡುಕುತ್ತಿದೆ?

ಇವು ಯಾವುದೂ ಅಲ್ಲ, ಪಟ್ಟಿಯೇ ಖಾಲಿ ಎಂದಾದರೆ ಡೇಟಾ ಪಾತ್ ನೋಡಬೇಕು. ಟ್ಯಾಲಿಯ ಹೊಸ ಆವೃತ್ತಿಯಾದ ಟ್ಯಾಲಿಪ್ರೈಮ್ ಸಾಮಾನ್ಯವಾಗಿ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್, ಅದರೊಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿಪ್ರೈಮ್, ಅದರೊಳಗೆ ಡೇಟಾ ಎಂಬಲ್ಲಿ ಲೆಕ್ಕ ಇಡುತ್ತದೆ. ಹಳೆಯ ಆವೃತ್ತಿಯಾದ ಟ್ಯಾಲಿ ಇಆರ್‌ಪಿ 9 ತನ್ನದೇ ಹೆಸರಿನ ಬೇರೆ ಫೋಲ್ಡರ್ ಇಟ್ಟುಕೊಳ್ಳುತ್ತದೆ. ಒಂದೇ ಸಿಸ್ಟಮ್‌ನಲ್ಲಿ ಎರಡೂ ಇದ್ದು, ಡೆಸ್ಕ್‌ಟಾಪ್‌ನಲ್ಲಿ ಅಕ್ಕಪಕ್ಕ ಎರಡು ಐಕಾನ್ ಇದ್ದರೆ ತಪ್ಪು ಐಕಾನ್ ಒತ್ತಿರುವ ಸಾಧ್ಯತೆಯೇ ಹೆಚ್ಚು. ಹೊಸ ಆವೃತ್ತಿಯನ್ನು ಬೇರೆ ಫೋಲ್ಡರ್‌ಗೆ ಹಾಕಿದಾಗಲೂ ಅದು ತನ್ನ ಖಾಲಿ ಡೇಟಾ ಫೋಲ್ಡರನ್ನೇ ನೋಡುತ್ತಿರುತ್ತದೆ.

ಈ ದಾರಿ ಬರೆದಿರುವುದು ಟ್ಯಾಲಿ ಇನ್‌ಸ್ಟಾಲ್ ಆದ ಫೋಲ್ಡರ್‌ನಲ್ಲಿರುವ ‘ಟ್ಯಾಲಿ.ಐಎನ್‌ಐ’ ಎಂಬ ಪುಟ್ಟ ಫೈಲಿನಲ್ಲಿ. ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಕೊಟ್ಟರೆ ಆ ಫೋಲ್ಡರ್ ತೆರೆಯುತ್ತದೆ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ‘ಡೇಟಾ’ ಎಂದು ಶುರುವಾಗುವ ಸಾಲು ಓದಿಕೊಳ್ಳಿ. ಓದಿ ಸಾಕು, ತಿದ್ದಲು ಹೋಗಬೇಡಿ.

ಈಗ ಆ ಡೇಟಾ ಫೋಲ್ಡರ್ ತೆರೆಯಿರಿ. ಪ್ರತಿ ಕಂಪನಿಗೂ ಒಂದು ಅಂಕಿಯ ಹೆಸರಿನ ಫೋಲ್ಡರ್ ಇರುತ್ತದೆ: 10000, 10001, ಅಥವಾ 100000 ಹೀಗೆ. ಅದರೊಳಗಿನ ಫೈಲುಗಳ ಬಾಲದಲ್ಲಿ .900 ಅಥವಾ .1800 ಎಂದಿರುತ್ತದೆ. ಇಲ್ಲೊಂದು ಎಡವಟ್ಟು ಪದೇ ಪದೇ ಆಗುತ್ತದೆ. ಪೆನ್‌ಡ್ರೈವ್‌ನಿಂದ ನಕಲು ಮಾಡುವಾಗ 10001 ಫೋಲ್ಡರಿನ ಒಳಗೆ ಇನ್ನೊಂದು 10001 ಸೇರಿಕೊಳ್ಳುತ್ತದೆ. ಟ್ಯಾಲಿ ಒಂದು ಮೆಟ್ಟಿಲು ಮಾತ್ರ ಇಳಿದು ನೋಡುವುದರಿಂದ ಒಳಗಿನ ಲೆಕ್ಕ ಅದಕ್ಕೆ ಕಾಣುವುದೇ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಜಿಪ್ ಫೈಲನ್ನು ಬಿಚ್ಚದೇ ಇಟ್ಟಾಗಲೂ ಇದೇ ಕಥೆ.

ಅಲ್ಲಿ ಏನೂ ಇಲ್ಲವೆಂದರೆ ಇಡೀ ಸಿಸ್ಟಮ್‌ನಲ್ಲಿ ಹುಡುಕಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಒಂದೊಂದೇ ಡ್ರೈವ್ ತೆರೆದು ಹುಡುಕುವ ಪೆಟ್ಟಿಗೆಯಲ್ಲಿ *.900 ಎಂದೂ ಆಮೇಲೆ *.1800 ಎಂದೂ ಕೊಡಿ. ಪೂರ್ತಿ ಹುಡುಕಲು ಸಮಯ ಹಿಡಿಯುತ್ತದೆ, ಕಾಯಿರಿ. ಹಲವು ಕಡೆ ಸಿಕ್ಕರೆ ಮಾರ್ಪಾಡಾದ ದಿನಾಂಕ ನೋಡಿ. ನಿನ್ನೆ ಸಂಜೆಯ ದಿನಾಂಕ ಇರುವ ಫೋಲ್ಡರೇ ನಿಮಗೆ ಬೇಕಾದದ್ದು. ದಿನಾಂಕ ಗೊಂದಲವಾಗಿದ್ದರೆ ಗಾತ್ರ ಹೋಲಿಸಿ. ಸಿಕ್ಕ ಮೇಲೆ ಟ್ಯಾಲಿಯ ಸೆಲೆಕ್ಟ್ ಕಂಪನಿ ಪರದೆಯಲ್ಲಿ ‘ಸ್ಪೆಸಿಫೈ ಪಾತ್’ ಆರಿಸಿ ಆ ಅಂಕಿಯ ಫೋಲ್ಡರ್ ಇರುವ ಜಾಗವನ್ನು ತೋರಿಸಿದರೆ ಕಂಪನಿ ಕಾಣಿಸಿಕೊಳ್ಳುತ್ತದೆ.

ವಿಂಡೋಸ್ ಅಪ್‌ಗ್ರೇಡ್ ಆದ ಮೇಲೆ, ಅಥವಾ ಡಿಸ್ಕ್ ಫಾರ್ಮ್ಯಾಟ್ ಮಾಡದೆ ವಿಂಡೋಸ್ ಮತ್ತೆ ಹಾಕಿದ ಮೇಲೆ ಹೀಗಾಗಿದ್ದರೆ ಸಿ ಡ್ರೈವ್‌ನಲ್ಲಿ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್ ಇದೆಯೇ ನೋಡಿ. ಹಳೆಯ ಯೂಸರ್ಸ್, ಪಬ್ಲಿಕ್ ಎಲ್ಲವೂ ಅದರೊಳಗೆ ಇರಬಹುದು. ಆದರೆ ವಿಂಡೋಸ್ ಅದನ್ನು ಸುಮಾರು 10 ದಿನಗಳಲ್ಲಿ ತಾನಾಗಿಯೇ ಅಳಿಸುತ್ತದೆ. ‘ಮುಂದಿನ ವಾರ ನೋಡಿದರಾಯಿತು’ ಎನ್ನುವ ಹಾಗಿಲ್ಲ.

ಡೇಟಾ ಬೇರೆ ಸಿಸ್ಟಮ್‌ನಲ್ಲಿದ್ದರೆ

ಎರಡು ಮೂರು ಸಿಸ್ಟಮ್ ಇರುವ ಅಂಗಡಿಗಳಲ್ಲಿ ‘ಸರ್ವರ್’ ಎಂದರೆ ಸಾಮಾನ್ಯವಾಗಿ ಮಾಲೀಕರ ಮೇಜಿನ ಮೇಲಿನ ಕಂಪ್ಯೂಟರ್. ಅದು ಆಫ್ ಆಗಿದ್ದರೆ, ನಿದ್ದೆಗೆ ಜಾರಿದ್ದರೆ ಉಳಿದವರಿಗೆ ಪಟ್ಟಿ ಖಾಲಿ. ಟ್ಯಾಲಿಯನ್ನು ದೂರುವ ಮೊದಲು ‘ದಿಸ್ ಪಿಸಿ’ಯಲ್ಲಿ ಆ ನೆಟ್‌ವರ್ಕ್ ಡ್ರೈವ್ ತೆರೆದು ನೋಡಿ. ಅಲ್ಲಿಯೇ ಕೆಂಪು ಕತ್ತರಿ ಗುರುತಿದ್ದರೆ ತೊಂದರೆ ಸಂಪರ್ಕದ್ದು. ರೂಟರ್ ಬದಲಿಸಿದ ಮರುದಿನ ಸರ್ವರ್‌ನ ವಿಂಡೋಸ್ ಹೊಸ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದು ಗುರುತಿಸಿ ಶೇರಿಂಗ್ ಮುಚ್ಚಿರುವುದುಂಟು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ‘ಪ್ರೈವೇಟ್’ ಮಾಡಿದರೆ ಸರಿಹೋಗುತ್ತದೆ. ವಿಂಡೋಸ್‌ನ ಈಚಿನ ಆವೃತ್ತಿಗಳು ಪಾಸ್‌ವರ್ಡ್ ಇಲ್ಲದ ಶೇರ್ ಫೋಲ್ಡರ್‌ಗಳನ್ನು ತೆರೆಯಲು ಹಿಂದೇಟು ಹಾಕುತ್ತವೆ. ಸರ್ವರ್‌ನಲ್ಲಿ ಒಂದು ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿಕೊಡುವುದೇ ಅದಕ್ಕೆ ಸರಿಯಾದ ದಾರಿ. ಸಿಟ್ಟಿನಲ್ಲಿ ಫೈರ್‌ವಾಲನ್ನೇ ಆಫ್ ಮಾಡುವುದು ದಾರಿಯಲ್ಲ.

ಡೇಟಾ ಫೋಲ್ಡರ್ ಅನ್ನು ಒನ್‌ಡ್ರೈವ್ ಒಳಗೆ ಇಡಬೇಡಿ. ಡೆಸ್ಕ್‌ಟಾಪ್ ಅಥವಾ ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟರೆ ಗೊತ್ತಿಲ್ಲದೆಯೇ ಒನ್‌ಡ್ರೈವ್‌ಗೆ ಸೇರಿರಬಹುದು. ಜಾಗ ಉಳಿಸಲು ಅದು ಫೈಲನ್ನು ಕ್ಲೌಡ್‌ನಲ್ಲಿಟ್ಟು ಇಲ್ಲಿ ಹೆಸರನ್ನಷ್ಟೇ ಉಳಿಸುತ್ತದೆ. ಇಂಟರ್ನೆಟ್ ಇಲ್ಲದ ದಿನ ಟ್ಯಾಲಿಗೆ ಆ ಹೆಸರಷ್ಟೇ ಸಿಗುತ್ತದೆ.

ನಕಲು ಮಾಡಿದ ಮೇಲಷ್ಟೇ ರಿಪೇರಿ

ಫೋಲ್ಡರ್ ಸಿಕ್ಕಿತು, ಆದರೆ ಕಂಪನಿ ತೆರೆಯುವಾಗ ಎರರ್ ಬರುತ್ತಿದೆ ಎಂದುಕೊಳ್ಳಿ. ಕರೆಂಟ್ ಹೋಗಿ ಸಿಸ್ಟಮ್ ದಿಢೀರ್ ಆರಿದಾಗ ಹೀಗಾಗಬಹುದು. ಎಲ್ಲ ಸಿಸ್ಟಮ್‌ಗಳಲ್ಲೂ ಟ್ಯಾಲಿ ಮುಚ್ಚಿ, ಆ ಅಂಕಿಯ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಿ. ಒಂದು ಫೈಲನ್ನು ಹಳೆಯ ಬ್ಯಾಕಪ್‌ನಿಂದ ತಂದು ಸೇರಿಸಿದರೆ ಸರಿಹೋಗಬಹುದು ಎಂದು ಕೆಲವು ‘ಹಾರ್ಡ್‌ವೇರ್ ಹುಡುಗರು’ ಪ್ರಯತ್ನಿಸುತ್ತಾರೆ. ಅದಕ್ಕೆ ಅವಕಾಶ ಕೊಡಬೇಡಿ. ಒಂದು ಫೈಲು ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ. ಬೇರೆ ಬೇರೆ ದಿನದ ಫೈಲುಗಳು ಬೆರೆತರೆ ಅರ್ಧ ಉಳಿದಿದ್ದ ಲೆಕ್ಕವೂ ಕೆಡುತ್ತದೆ.

ನಕಲು ಭದ್ರವಾದ ಮೇಲೆ ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿ ಡೇಟಾ ಮೆನುವಿನ ‘ರಿಪೇರ್’ ಆರಿಸಿ. ಇಆರ್‌ಪಿ 9ರಲ್ಲಿ ಕಂಟ್ರೋಲ್, ಆಲ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತುವುದು. ಹಳಬರು ಇದನ್ನು ‘ರೀರೈಟ್’ ಎನ್ನುತ್ತಾರೆ. ಯುಪಿಎಸ್ ಇದ್ದರಷ್ಟೇ ಶುರುಮಾಡಿ. ಪೂರ್ತಿ ಕೆಟ್ಟ ವೋಚರ್‌ಗಳು ರಿಪೇರಿಯಲ್ಲಿ ಬಿಟ್ಟುಹೋಗಬಹುದು. ಆದ್ದರಿಂದ ಮುಗಿದ ಮೇಲೆ ‘ಸ್ಟ್ಯಾಟಿಸ್ಟಿಕ್ಸ್’ ವರದಿ ತೆರೆಯಿರಿ. ಸೇಲ್ಸ್ ಎಷ್ಟು, ಪರ್ಚೇಸ್ ಎಷ್ಟು, ರಸೀದಿ ಎಷ್ಟು ಎಂದು ವೋಚರ್‌ಗಳ ಎಣಿಕೆ ಅದರಲ್ಲಿರುತ್ತದೆ. ಕೊನೆಯ ಬಿಲ್ ನಂಬರಿಗೂ ಸೇಲ್ಸ್ ಎಣಿಕೆಗೂ ತಾಳೆಯಾಗದಿದ್ದರೆ ಯಾವ ಬಿಲ್ಲು ಬಿಟ್ಟುಹೋಗಿದೆ ಎಂದು ಹುಡುಕಿ ಮತ್ತೆ ಹಾಕಬೇಕು.

ಬ್ಯಾಕಪ್ ಇದ್ದರೂ ರಿಸ್ಟೋರ್ ಮಾಡುವುದು ಎಚ್ಚರದ ಕೆಲಸ. ಅದೇ ಅಂಕಿಯ ಕಂಪನಿ ಡೇಟಾ ಫೋಲ್ಡರ್‌ನಲ್ಲಿದ್ದರೆ ರಿಸ್ಟೋರ್ ಅದರ ಮೇಲೆಯೇ ಬರೆಯುತ್ತದೆ. ಟ್ಯಾಲಿ ಒಮ್ಮೆ ಕೇಳುತ್ತದೆ ನಿಜ, ಗಾಬರಿಯಲ್ಲಿ ನಾವು ‘ಯೆಸ್’ ಒತ್ತುತ್ತೇವೆ. ಜನವರಿಯ ಬ್ಯಾಕಪ್ ಮಾರ್ಚ್‌ನ ಲೆಕ್ಕವನ್ನು ನುಂಗುವುದು ಹೀಗೆ. ಡಿ ಡ್ರೈವ್‌ನಲ್ಲಿ ಹೊಸ ಖಾಲಿ ಫೋಲ್ಡರ್ ಮಾಡಿ, ರಿಸ್ಟೋರ್ ಪರದೆಯ ‘ಡೆಸ್ಟಿನೇಷನ್’ನಲ್ಲಿ ಅದನ್ನು ಕೊಟ್ಟು, ಅಲ್ಲಿಂದಲೇ ಕಂಪನಿ ತೆರೆದು ಎಲ್ಲಿಯವರೆಗೆ ಎಂಟ್ರಿ ಇದೆ ಎಂದು ನೋಡಿ ಆಮೇಲೆ ತೀರ್ಮಾನಿಸಿ.

ಅಳಿಸಿಹೋಗಿದ್ದರೆ

ರೀಸೈಕಲ್ ಬಿನ್ ನೋಡಿ. ನೆಟ್‌ವರ್ಕ್ ಡ್ರೈವ್‌ನಿಂದ ಅಳಿಸಿದ್ದು ಬಿನ್‌ಗೆ ಬರುವುದಿಲ್ಲ ಎಂಬುದೂ ನೆನಪಿರಲಿ. ಡೇಟಾ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರಿಸ್ಟೋರ್ ಪ್ರೀವಿಯಸ್ ವರ್ಷನ್ಸ್’ ನೋಡಬಹುದು. ಫೈಲ್ ಹಿಸ್ಟರಿ ಮೊದಲೇ ಆನ್ ಇದ್ದರೆ ಅಲ್ಲಿ ಹಳೆಯ ಪ್ರತಿ ಸಿಗುತ್ತದೆ. ಆಂಟಿವೈರಸ್ ತೆಗೆದಿಟ್ಟಿದೆಯೇ ಎಂದು ವಿಂಡೋಸ್ ಸೆಕ್ಯುರಿಟಿಯ ‘ಪ್ರೊಟೆಕ್ಷನ್ ಹಿಸ್ಟರಿ’ಯಲ್ಲಿ ತಿಳಿಯುತ್ತದೆ. ಇವೆಲ್ಲ ಕೈಕೊಟ್ಟರೆ ಆ ಸಿಸ್ಟಮ್ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ ಡೇಟಾ ರಿಕವರಿ ಮಾಡುವವರ ಬಳಿ ಒಯ್ಯಿರಿ. ಹಳೆಯ ಹಾರ್ಡ್‌ಡಿಸ್ಕ್ ಆದರೆ ಆಸೆ ಇಟ್ಟುಕೊಳ್ಳಬಹುದು. ಎಸ್‌ಎಸ್‌ಡಿ ಅಳಿಸಿದ ಜಾಗವನ್ನು ತಾನಾಗಿಯೇ ಖಾಲಿ ಮಾಡಿಕೊಳ್ಳುವುದರಿಂದ ಅದರಲ್ಲಿ ಆಸೆ ಕಡಿಮೆ.

ಎಲ್ಲ ಫೈಲುಗಳ ಬಾಲವೂ ವಿಚಿತ್ರವಾಗಿ ಬದಲಾಗಿ, ಹಣ ಕೇಳುವ ಚೀಟಿ ಕಂಡರೆ ಅದು ರ‍್ಯಾನ್ಸಮ್‌ವೇರ್. ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ಬ್ಯಾಕಪ್ ಇರುವ ಪೆನ್‌ಡ್ರೈವನ್ನು ಆ ಸಿಸ್ಟಮ್‌ಗೆ ಚುಚ್ಚಲೇಬೇಡಿ. ಸೈಬರ್ ಸಹಾಯವಾಣಿ 1930.

ಏನೂ ಸಿಗದಿದ್ದಾಗ ಲೆಕ್ಕ ಮತ್ತೆ ಕಟ್ಟುವುದು

ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ‘ಕಂಪ್ಯೂಟರ್ ಕೆಟ್ಟಿತು ಸಾರ್’ ಎನ್ನುವುದು ಉತ್ತರವಾಗುವುದಿಲ್ಲ. ಹಾಗಾಗಿ ಆಡಿಟರ್‌ಗೆ ಆದಷ್ಟು ಬೇಗ ಹೇಳಿ, ಅದರಲ್ಲೂ ತಿಂಗಳ 11ನೇ ತಾರೀಖಿನ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹತ್ತಿರವಿದ್ದರೆ. ಅವರ ಆಫೀಸಿನಲ್ಲಿ ಕಳೆದ ಆಡಿಟ್‌ಗೆ ಕೊಟ್ಟ ಟ್ಯಾಲಿ ಡೇಟಾ ಇನ್ನೂ ಇರಬಹುದು. ಇದ್ದರೆ ಅಲ್ಲಿಯವರೆಗಿನ ಕೆಲಸ ಉಳಿಯಿತು.

ಅಲ್ಲಿಂದ ಮುಂದಿನದಕ್ಕೆ ಮಾರಾಟದ ವಿವರವನ್ನು ಸಲ್ಲಿಸಿದ ಜಿಎಸ್‌ಟಿಆರ್-1ಗಳಿಂದ, ಖರೀದಿಯದನ್ನು ಪೋರ್ಟಲ್‌ನ ಜಿಎಸ್‌ಟಿಆರ್-2ಬಿಯಿಂದ ಇಳಿಸಿಕೊಳ್ಳಿ. ಸಾಗಣೆಯ ಇ-ವೇ ಬಿಲ್‌ಗಳೂ ನೆರವಿಗೆ ಬರುತ್ತವೆ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಎಕ್ಸೆಲ್‌ನಲ್ಲಿ ಕೇಳಿ ಪಡೆಯಿರಿ. ದೊಡ್ಡ ಸಪ್ಲೈಯರ್‌ಗಳಿಗೆ, ಖಾಯಂ ಗಿರಾಕಿಗಳಿಗೆ ಫೋನ್ ಮಾಡಿ ಅವರ ಪುಸ್ತಕದಲ್ಲಿರುವ ನಿಮ್ಮ ಲೆಡ್ಜರ್ ಕಳಿಸಲು ಹೇಳಿ. ಬಿ2ಸಿ ಬಿಲ್ಲುಗಳು, ಅಂದರೆ ಜಿಎಸ್‌ಟಿ ನಂಬರ್ ಇಲ್ಲದ ಗಿರಾಕಿಗಳಿಗೆ ಕೊಟ್ಟವು, ಜಿಎಸ್‌ಟಿಆರ್-1ರಲ್ಲಿ ಹೆಚ್ಚಾಗಿ ಒಟ್ಟು ಮೊತ್ತವಾಗಿಯೇ ಇರುವುದರಿಂದ ಅವುಗಳಿಗೆ ಬಿಲ್ ಪ್ರತಿಗಳೇ ಗತಿ. ನಗದು ಖರ್ಚಿನ ಚೀಟಿಗಳೂ ಬೇರೆಲ್ಲೂ ಸಿಗುವುದಿಲ್ಲ, ಡಬ್ಬಿಯಲ್ಲಿ ಏನಿದೆಯೋ ಅಷ್ಟೇ. ಸ್ಟಾಕನ್ನು ಪೋರ್ಟಲ್ ಹೇಳಲಾರದು: ಒಂದು ಭಾನುವಾರ ಷಟರ್ ಎಳೆದು, ಗೋಡೌನ್ ಸಮೇತ ಎಲ್ಲವನ್ನೂ ಎಣಿಸಿ, ಆ ದಿನಾಂಕಕ್ಕೆ ಆಡಿಟರ್ ಸಲಹೆಯಂತೆ ಹೊಂದಿಸಬೇಕು.