ಬೂಷ್ಟು ಹಿಡಿದ ಟೇಪಿನಿಂದ ಮೊಬೈಲಿನವರೆಗೆ: ಕೊಡಗಿನಂಥ ಜಿಲ್ಲೆಯಲ್ಲಿ ಬಾನುಲಿ ಕೇಂದ್ರವನ್ನು ಡಿಜಿಟಲ್ ಮಾಡುವ ಕ್ರಮ

ಮಡಿಕೇರಿಯಲ್ಲಿ ಜೂನ್ ಕಳೆದ ಮೇಲೆ ಕಪಾಟಿನೊಳಗಿನ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯಲು ಒಂದು ವಾರ ಸಾಕು. ಅದೇ ತೇವದ ಗಾಳಿಯಲ್ಲಿ ವರ್ಷಗಟ್ಟಲೆ ರಟ್ಟಿನ ಡಬ್ಬಿಯೊಳಗೆ ಕುಳಿತ ಸ್ಪೂಲ್ ಟೇಪಿನ ಗತಿ ಏನೆಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆದರೂ ಸಾರ್ವಜನಿಕ ಬಾನುಲಿಯನ್ನು ಆಧುನಿಕಗೊಳಿಸುವ ಬಗ್ಗೆ ಸಭೆ ಸೇರಿದಾಗಲೆಲ್ಲ ಮಾತು ಮೊದಲು ಹೊರಳುವುದು ಆ್ಯಪಿನ ಕಡೆಗೆ, ಆಮೇಲೆ ಸಾಮಾಜಿಕ ಜಾಲತಾಣದ ಪುಟದ ಕಡೆಗೆ. ಟೇಪಿನ ಕೋಣೆಯ ಬೀಗದ ಕೈ ಯಾರಲ್ಲಿದೆ ಎಂಬ ಪ್ರಶ್ನೆ ಊಟದ ಹೊತ್ತಾದರೂ ಬರುವುದಿಲ್ಲ.

ಈ ಕೈಪಿಡಿಯಲ್ಲಿ ಕ್ರಮವನ್ನು ತಿರುಗಿಸಿದ್ದೇನೆ. ಮೊದಲು ಹಳೆಯ ಧ್ವನಿಯನ್ನು ಉಳಿಸುವುದು, ಅನಂತರ ಅದಕ್ಕೆ ಸರಿಯಾದ ವಿವರ ಬರೆಯುವುದು, ಮೂರನೆಯದಾಗಿ ಪ್ರಸಾರದ ತರಂಗ ಬೆಟ್ಟದ ಆಚೆಗೂ ಮಳೆಯ ರಾತ್ರಿಯಲ್ಲೂ ತಲುಪುವಂತೆ ನೋಡಿಕೊಳ್ಳುವುದು, ಕೊನೆಗೆ ಮೊಬೈಲು. ಆ್ಯಪನ್ನು ಮುಂದಿನ ವರ್ಷವೂ ಮಾಡಬಹುದು, ಆದರೆ ಮುಂದಿನ ಮಳೆಗಾಲಕ್ಕೆ ಟೇಪು ಉಳಿದಿರುತ್ತದೆಂಬ ಭರವಸೆ ಇಲ್ಲ; ಕ್ರಮವನ್ನು ಹೀಗೆ ಇಡಲು ಮುಖ್ಯ ಕಾರಣ ಇದೇ.

ಟೇಪಿನ ಕೋಣೆ

ಕೆಲಸ ಆರಂಭವಾಗಬೇಕಾದದ್ದು ಕಂಪ್ಯೂಟರಿನಿಂದಲ್ಲ, ಗೋಡೆಗೆ ತೂಗುಹಾಕುವ ಒಂದು ತೇವಾಂಶ ಮಾಪಕದಿಂದ. ಕಾಂತೀಯ ಟೇಪಿಗೆ ಸುಮಾರು 20 ಡಿಗ್ರಿ ಉಷ್ಣತೆ ಮತ್ತು ಶೇ. 40ರ ಆಸುಪಾಸಿನ ತೇವಾಂಶ ಹಿತಕರ. ಹಗಲು ಎ.ಸಿ. ಹಾಕಿ ಸಂಜೆ ಕಚೇರಿ ಮುಚ್ಚುವಾಗ ಆರಿಸಿ ಹೋಗುವ ರೂಢಿ ಎ.ಸಿ. ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ತಣ್ಣಗಾದ ಟೇಪಿನ ಮೇಲೆ ರಾತ್ರಿಯ ತೇವದ ಗಾಳಿ ಹನಿಗಟ್ಟುತ್ತದೆ. ಹಗಲಿರುಳು ನಡೆಯುವ, ತೇವ ಹೀರುವ ಒಂದು ಯಂತ್ರಕ್ಕೆ ಮೊದಲ ಹಣ ಹೋಗಲಿ.

ಅನಂತರ ಡಬ್ಬಿಗಳನ್ನು ಒಂದೊಂದಾಗಿ ತೆರೆದು ವಿಂಗಡಿಸಬೇಕು. ಬೂಷ್ಟು ಕಂಡ ಟೇಪನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಏರಿಸಬಾರದು. ಅದರ ಪುಡಿ ಯಂತ್ರಕ್ಕೆ ಅಂಟಿ ಮುಂದಿನ ಹತ್ತು ಟೇಪುಗಳಿಗೆ ಹರಡುತ್ತದೆ, ಬಿಚ್ಚುವವರ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಅಂಥವನ್ನು ಮುಖಗವಸು ಹಾಕಿಕೊಂಡು ಬೇರೆ ಕೋಣೆಯಲ್ಲಿ ಒಣಗಿಸಿ, ಶುಚಿಗೊಳಿಸಿದ ಮೇಲಷ್ಟೇ ನುಡಿಸಬೇಕು. ವಿನೆಗರಿನ ಹುಳಿ ವಾಸನೆ ಬರುವವು ಅಸಿಟೇಟ್ ಟೇಪುಗಳು. ಸುರುಳಿಯನ್ನು ಬೆಳಕಿಗೆ ಹಿಡಿದರೆ ಬೆಳಕು ಹಾಯ್ದು ಬರುವುದರಿಂದಲೂ ಅವನ್ನು ಗುರುತಿಸಬಹುದು. ಇವು ದಿನೇ ದಿನೇ ಸುರುಟಿ ಪೆಡಸಾಗುವುದರಿಂದ ಸರದಿಯಲ್ಲಿ ಇವೇ ಮುಂದೆ ನಿಲ್ಲಬೇಕು. 1970 ಮತ್ತು 80ರ ದಶಕಗಳ ಕೆಲವು ಪಾಲಿಯೆಸ್ಟರ್ ಟೇಪುಗಳ ಅಂಟು ತೇವ ಹೀರಿ ಜಿಗುಟಾಗಿ, ನುಡಿಸುವಾಗ ಕಿರ್‍ರೆಂದು ಕೂಗುತ್ತದೆ. ಅವನ್ನು 50 ಡಿಗ್ರಿಯ ಆಸುಪಾಸಿನ ಒಣ ಶಾಖದಲ್ಲಿ ಹಲವು ಗಂಟೆ ಇಟ್ಟರೆ ಕೆಲವು ದಿನಗಳ ಮಟ್ಟಿಗೆ ನುಡಿಸಲು ಬರುತ್ತವೆ. ಅಸಿಟೇಟ್ ಟೇಪಿಗೆ ಈ ಚಿಕಿತ್ಸೆ ಮಾಡಿದರೆ ಟೇಪೇ ಹಾಳಾಗುತ್ತದೆ. ಆದ್ದರಿಂದ ಬೆಳಕಿಗೆ ಹಿಡಿದು ನೋಡುವ ಆ ಒಂದು ನಿಮಿಷವನ್ನು ಉಳಿಸಲು ಹೋಗಬಾರದು.

ನುಡಿಸುವ ಯಂತ್ರದಲ್ಲಿ ಟೇಪಿಗೆ ತಾಗಿ ಧ್ವನಿಯನ್ನು ಓದುವ ಹೆಡ್ಡನ್ನು ಪ್ರತಿ ಟೇಪಿಗೂ ಶುಚಿಗೊಳಿಸಿ, ಅದರ ಓರೆಯನ್ನು ಆ ಟೇಪಿಗೆ ಹೊಂದಿಸಿಕೊಂಡ ಮೇಲೆ, ಕನಿಷ್ಠ 48 ಕಿಲೋಹರ್ಟ್ಸ್ ಮತ್ತು 24 ಬಿಟ್‌ನ ವೇವ್ ಕಡತವಾಗಿ ಸೆರೆಹಿಡಿಯಬೇಕು. ಎಂಪಿ3 ಮಾಡುವುದು ಆಮೇಲಿನ ಮಾತು. ಮೂಲ ಪ್ರತಿಯಲ್ಲಿ ಸದ್ದು ಕಳೆಯುವ ತಂತ್ರಾಂಶವನ್ನು ಬಳಸಲೇಬಾರದು. ಕೊಡವರ ಹಿರಿಯರ ಮನೆಯಾದ ಐನ್‌ಮನೆಯ ಕೈಸಾಲೆಯಲ್ಲಿ ಕುಳಿತು ನಾಲ್ವರು ದುಡಿ ಬಾರಿಸುತ್ತ ಹಾಡಿದ ಬಾಳೋಪಾಟ್ ಎಂಬ ಜನಪದ ಹಾಡಿನ ಹಿಂದೆ ಹೆಂಚಿನ ಮೇಲೆ ಬೀಳುವ ಮಳೆ ಕೇಳಿಸುತ್ತಿದ್ದರೆ ಅದನ್ನು ಗದ್ದಲವೆಂದು ಅಳಿಸುವ ತಂತ್ರಾಂಶಕ್ಕೆ ಕೊಡಗು ಗೊತ್ತಿಲ್ಲ, ಅಷ್ಟೆ. ಶುಚಿ ಮಾಡಿದ ಪ್ರತಿ ಪ್ರಸಾರಕ್ಕೆ ಬೇಕಾದರೆ ಅದನ್ನು ಬೇರೆಯಾಗಿ ತಯಾರಿಸಿಕೊಳ್ಳಬಹುದು.

ಜಾಗದ ಲೆಕ್ಕ ಹೆದರಿಸುವಂಥದ್ದಲ್ಲ. ಮೇಲಿನ ಅಳತೆಯಲ್ಲಿ ಒಂದು ಗಂಟೆಯ ಮೊನೊ ಧ್ವನಿಗೆ ಸುಮಾರು 520 ಮೆಗಾಬೈಟ್ ಬೇಕು; 2,000 ಗಂಟೆಗಳ ಸಂಗ್ರಹವಿದ್ದರೆ ಒಂದು ಟೆರಾಬೈಟಿನಲ್ಲಿ ಹೆಚ್ಚುಕಡಿಮೆ ಮುಗಿಯಿತು. ಹೆದರಿಸುವುದು ಸಮಯ. ಟೇಪನ್ನು ಅದರ ವೇಗದಲ್ಲೇ ನುಡಿಸಬೇಕಾದ್ದರಿಂದ ಒಂದು ಯಂತ್ರ ದಿನಕ್ಕೆ 4 ಗಂಟೆಯಂತೆ ವರ್ಷಕ್ಕೆ 250 ದಿನ ದುಡಿದರೂ ಅಷ್ಟು ಸಂಗ್ರಹಕ್ಕೆ ಎರಡು ವರ್ಷ ಹಿಡಿಯುತ್ತದೆ. ಯೋಜನೆಯ ವರದಿಯಲ್ಲಿ ಹಾರ್ಡ್ ಡಿಸ್ಕಿಗೆ ದೊಡ್ಡ ಮೊತ್ತವನ್ನೂ ಟೇಪು ನುಡಿಸುವ ಮನುಷ್ಯನಿಗೆ ಮೂರು ತಿಂಗಳ ಗುತ್ತಿಗೆಯನ್ನೂ ಬರೆದಿದ್ದರೆ ಆ ವರದಿ ಬರೆದವರು ಒಂದು ಟೇಪನ್ನೂ ನುಡಿಸಿಲ್ಲವೆಂದು ತಿಳಿಯಬೇಕು. ಕೊನೆಯಲ್ಲಿ ಮೂರು ಪ್ರತಿಗಳು ಇರಲಿ, ಅವು ಎರಡು ಬಗೆಯ ಮಾಧ್ಯಮದಲ್ಲಿರಲಿ, ಒಂದು ಪ್ರತಿ ಜಿಲ್ಲೆಯ ಹೊರಗೆ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರಲಿ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದುದನ್ನು ಕಂಡ ಮೇಲೂ ಮೂರು ಪ್ರತಿಗಳನ್ನು ಒಂದೇ ಕಟ್ಟಡದಲ್ಲಿಡುವುದು ಮೂರು ಪ್ರತಿ ಇಟ್ಟಂತಲ್ಲ.

ಹೆಸರು ಬರೆಯುವ ಕೆಲಸ

ವಿವರವಿಲ್ಲದ ಧ್ವನಿ ಕಡತ ಬೀಗ ಹಾಕಿದ ಪೆಟ್ಟಿಗೆಯಂತೆ. ‘ಜಾನಪದ ಗೀತೆ, ಭಾಗ 2’ ಎಂಬ ಹೆಸರಿನ ಕಡತವನ್ನು ಹತ್ತು ವರ್ಷಗಳ ಮೇಲೆ ಯಾರೂ ಹುಡುಕಿ ತೆಗೆಯಲಾರರು. ಪ್ರತಿ ಕಡತಕ್ಕೂ ಹಾಡಿದವರು, ಮಾತಾಡಿದವರು, ಊರು, ನಾಡು, ಸಂದರ್ಭ, ಧ್ವನಿಮುದ್ರಣದ ದಿನ, ಹಳೆಯ ಟೇಪಿನ ಸಂಖ್ಯೆ ಮತ್ತು ಭಾಷೆ ಕಡ್ಡಾಯವಾಗಿ ದಾಖಲಾಗಬೇಕು. ಇವೆಲ್ಲ ಯೂನಿಕೋಡ್ ಕನ್ನಡದಲ್ಲಿರಬೇಕು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಟ್ಟಿಗಳಿದ್ದರೆ ಅವನ್ನು ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಕಣ್ಣಿನಿಂದಲೇ ತಪಾಸಣೆ ಮಾಡಬೇಕು.

ಕೊಡಗಿನಲ್ಲಿ ಇದು ತೋರುವಷ್ಟು ಸುಲಭವಲ್ಲ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಹೊರಗಿನಿಂದ ತಂದ ತಂತ್ರಾಂಶ ಮೊದಲ ಪದವನ್ನು ವ್ಯಕ್ತಿಯ ಹೆಸರೆಂದು ತಿಳಿದು ಒಂದೇ ಒಕ್ಕದ ಮೂವತ್ತು ಜನರನ್ನು ಒಬ್ಬರನ್ನಾಗಿಸಿದ ಪಟ್ಟಿಯನ್ನು ನಾನು ನೋಡಿದ್ದೇನೆ. ಆದ್ದರಿಂದ ಒಕ್ಕದ ಹೆಸರಿಗೂ ವ್ಯಕ್ತಿಯ ಹೆಸರಿಗೂ ಬೇರೆ ಬೇರೆ ಅಂಕಣ ಇಡಬೇಕು. ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ ಕನ್ನಡ ಲಿಪಿಯಲ್ಲಿ ನೇರ ಅಕ್ಷರವಿಲ್ಲದ ನಡು ಸ್ವರಗಳಿವೆ, ಅವನ್ನು ಬರೆಯುವ ರೂಢಿ ಒಬ್ಬೊಬ್ಬರದು ಒಂದೊಂದು. ಯಾವುದು ಶುದ್ಧ ಎಂಬ ವಾದವನ್ನು ಕೊಡವ ಸಾಹಿತ್ಯ ಅಕಾಡೆಮಿಗೆ ಬಿಟ್ಟು, ಕೇಂದ್ರವು ಒಂದು ರೂಢಿಯನ್ನು ಆಯ್ದು ಬರೆದಿಟ್ಟು ಎಲ್ಲ ಕಡತಗಳಲ್ಲೂ ಅದನ್ನೇ ಪಾಲಿಸಿದರೆ ಸಾಕು. ಭಾಷೆಯ ಅಂಕಣದಲ್ಲಿ ಕೊಡವ ತಕ್ಕಿಗೆ ‘ಕೆಎಫ್‌ಎ’ ಎಂಬ ಅಂತರರಾಷ್ಟ್ರೀಯ ಸಂಕೇತವಿದೆ, ಅದನ್ನೇ ಬಳಸಬೇಕು. ಅರೆಭಾಷೆ, ಎರವ, ಕುರುಬ ಭಾಷೆಗಳನ್ನು ಕನ್ನಡವೆಂದೋ ‘ಇತರೆ’ ಎಂದೋ ನಮೂದಿಸಿ ಮುಗಿಸಬಾರದು.

ಮಾತನ್ನು ಅಕ್ಷರಕ್ಕಿಳಿಸುವ ಯಂತ್ರಗಳು ಈಗ ಕನ್ನಡಕ್ಕೆ ಸಾಕಷ್ಟು ಪಳಗಿವೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯೂ ಅದರಲ್ಲಿ ತೊಡಗಿದೆ. ಕೃಷಿರಂಗದಂಥ ಕಾರ್ಯಕ್ರಮಗಳ ಮೊದಲ ಕರಡಿಗೆ ಇವನ್ನು ಧಾರಾಳವಾಗಿ ಬಳಸಬಹುದು. ಆದರೆ ಕೊಡವ ತಕ್ಕಾಗಲಿ ಅರೆಭಾಷೆಯಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿಲ್ಲ, ಯಂತ್ರಗಳ ತರಬೇತಿಯೂ ಆ 22 ಭಾಷೆಗಳ ಸುತ್ತಲೇ ನಡೆದಿದೆ. ಬಾಳೋಪಾಟನ್ನು ಯಂತ್ರಕ್ಕೆ ಕೊಟ್ಟರೆ ಅದು ತನಗೆ ತಿಳಿದ ಕನ್ನಡ ಪದಗಳನ್ನು ಧೈರ್ಯವಾಗಿ ಬರೆದುಬಿಡುತ್ತದೆ. ಇಲ್ಲಿ ಮನುಷ್ಯರೇ ಬೇಕು. ಗುರುತು ಸಿಗದ ಟೇಪುಗಳನ್ನು ಊರಿನ ಹಿರಿಯರ ಮುಂದೆ ನುಡಿಸಿ, ಅವರು ಹೇಳಿದ್ದನ್ನು ಹಾಗೆಯೇ ಧ್ವನಿಮುದ್ರಿಸಿಕೊಳ್ಳುವುದು ಅತ್ಯಂತ ಫಲಕೊಡುವ ವಿಧಾನ. ಇದಕ್ಕೆ ಜನವರಿ, ಫೆಬ್ರವರಿಯಲ್ಲಿ ಹೋಗಬೇಡಿ, ಆಗ ಎಲ್ಲರೂ ರೋಬಸ್ಟಾ ಕೊಯ್ಲಿನಲ್ಲಿ, ಕಾಫಿ ಕಣದಲ್ಲಿ ಇರುತ್ತಾರೆ. ಜುಲೈ–ಆಗಸ್ಟಿನ ಕಕ್ಕಡ ಮಾಸದ ಮಳೆಯಲ್ಲಿ ಹೋದರೆ ಒಲೆಯ ಮುಂದೆ ಕುಳಿತು ಮಾತಾಡುವಷ್ಟು ಸಮಯ ಎಲ್ಲರಿಗೂ ಇರುತ್ತದೆ.

ಹಕ್ಕುಗಳ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರದರ್ಶಕರ ಹಕ್ಕು 50 ವರ್ಷ, ಧ್ವನಿಮುದ್ರಿಕೆಯ ಹಕ್ಕು 60 ವರ್ಷ, ಪ್ರಸಾರ ಸಂಸ್ಥೆಯ ಹಕ್ಕು 25 ವರ್ಷ ಬಾಳುತ್ತವೆ. ಹಳೆಯ ಒಪ್ಪಂದ ಪತ್ರದಲ್ಲಿ ಕಲಾವಿದರು ಸಹಿ ಹಾಕಿದ್ದು ಬಾನುಲಿ ಪ್ರಸಾರಕ್ಕೆ. ಅಂತರಜಾಲಕ್ಕೆ ಏರಿಸುವ ಮುನ್ನ ಆ ಪತ್ರವನ್ನು ಓದಿ, ಬೇಕಿದ್ದರೆ ಅವರಿಂದಲೋ ವಾರಸುದಾರರಿಂದಲೋ ಹೊಸ ಒಪ್ಪಿಗೆ ಪಡೆಯಬೇಕು.

ಬೆಟ್ಟದ ಮರೆ, ಮಳೆಯ ರಾತ್ರಿ

ಎಫ್‌.ಎಂ. ತರಂಗ ಹೆಚ್ಚುಕಡಿಮೆ ಬೆಳಕಿನಂತೆ ನೇರ ಸಾಗುತ್ತದೆ. ಬೆಟ್ಟದ ಮರೆಯಲ್ಲಿ ಅದಕ್ಕೂ ನೆರಳಿದೆ. ಮಡಿಕೇರಿ ಆಕಾಶವಾಣಿಯ 103.1 ಮೆಗಾಹರ್ಟ್ಸ್ ಕುಶಾಲನಗರದ ಬಯಲಿನಲ್ಲಿ ಕೇಳಿಸುವಂತೆಯೇ ಪಡುವಣದ ಕಣಿವೆಗಳಲ್ಲೂ ಕೇಳಿಸಲೆಂದು ನಿರೀಕ್ಷಿಸುವುದು ಭೌತಶಾಸ್ತ್ರದೊಡನೆ ಜಗಳ. ಆಧುನೀಕರಣದ ಯೋಜನೆಗೆ ಮೊದಲು ಬೇಕಾದ ನಕ್ಷೆ ಈ ನೆರಳುಗಳದು. ಒಂದು ಜೀಪು, ಸಂಕೇತದ ಬಲ ಅಳೆಯುವ ಉಪಕರಣ, ಜಿ.ಪಿ.ಎಸ್., ಜೊತೆಗೆ ಸಾಮಾನ್ಯರು ಬಳಸುವ ಅಗ್ಗದ ಒಂದು ರೇಡಿಯೊ ಇಟ್ಟುಕೊಂಡು ಭಾಗಮಂಡಲ, ನಾಪೋಕ್ಲು, ಸಂಪಾಜೆ, ಶಾಂತಳ್ಳಿ, ಶ್ರೀಮಂಗಲ, ಕುಟ್ಟದ ರಸ್ತೆಗಳಲ್ಲಿ ಸಾಗುತ್ತ ಒಂದೊಂದು ಕಿಲೋಮೀಟರಿಗೂ ದಾಖಲಿಸಬೇಕು. ಅಗ್ಗದ ರೇಡಿಯೊ ಏಕೆಂದರೆ, ಉಪಕರಣ ‘ಸಂಕೇತವಿದೆ’ ಎನ್ನುವ ಎಷ್ಟೋ ಕಡೆ ತೋಟದ ಕಾರ್ಮಿಕರ ಲೈನ್‌ಮನೆಯ ರೇಡಿಯೊದಲ್ಲಿ ಬರೀ ಕರಕರ ಸದ್ದು ಬರುತ್ತದೆ. ನೆರಳು ದಟ್ಟವಾಗಿರುವಲ್ಲಿ ಕಡಿಮೆ ಶಕ್ತಿಯ ಮರುಪ್ರಸಾರ ಘಟಕ ಇಡುವುದು ಸರಿಯಾದ ಪರಿಹಾರ.

‘ಬೆಟ್ಟದ ಮರೆಯವರು ಮೊಬೈಲಿನಲ್ಲಿ ಕೇಳಲಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ತರಂಗ ತಲುಪದ ಕಣಿವೆಗೆ ಬಹಳ ಸಲ ಮೊಬೈಲ್ ಸಂಕೇತವೂ ತಲುಪುವುದಿಲ್ಲ; ತಲುಪುವಲ್ಲಿ ಕೂಡ ನಾಲ್ಕು ದಿನ ಕರೆಂಟ್ ಹೋದರೆ ಗೋಪುರದ ಬ್ಯಾಟರಿ ಮುಗಿಯುತ್ತದೆ. ದೂರದರ್ಶನದ ಉಚಿತ ಡಿಶ್ ಕೂಡ ಜಡಿಮಳೆಯಲ್ಲಿ ಕಣ್ಣು ಮುಚ್ಚುವುದು ಎಲ್ಲರೂ ಕಂಡ ಸಂಗತಿ, ಅದು ಬಳಸುವ ಕೆಯು ಬ್ಯಾಂಡ್ ತರಂಗವನ್ನು ಮಳೆಹನಿಗಳು ಹೀರಿಕೊಳ್ಳುತ್ತವೆ. ಎಫ್‌.ಎಂ.ಗೆ ಆ ತೊಂದರೆ ಇಲ್ಲ. ಹೊಸ ತಂತ್ರಜ್ಞಾನ ಈ ಹಳೆಯ ತರಂಗದ ಜೊತೆಗೆ ಬರಬೇಕೇ ಹೊರತು ಅದರ ಜಾಗಕ್ಕಲ್ಲ. ಡಿ.ಆರ್‌.ಎಂ. ಎಂಬ ಡಿಜಿಟಲ್ ರೇಡಿಯೊವನ್ನು ಆಕಾಶವಾಣಿ ಮೂವತ್ತಕ್ಕೂ ಹೆಚ್ಚು ಮಧ್ಯಮ ತರಂಗದ ಪ್ರಸಾರಕಗಳಲ್ಲಿ ಅಳವಡಿಸಿದೆ, ಹೊಸ ಕಾರುಗಳಲ್ಲಿ ಅದರ ಗ್ರಾಹಕವೂ ಬರುತ್ತಿದೆ. ಆದರೆ ಮನೆಮನೆಗೆ ಅದರ ರೇಡಿಯೊ ಅಗ್ಗವಾಗಿ ಸಿಗುವವರೆಗೆ ಜಿಲ್ಲಾ ಕೇಂದ್ರದ ಹಣ ಅತ್ತ ಹೋಗಬಾರದೆಂಬುದು ನನ್ನ ಅಭಿಪ್ರಾಯ.

2018ರ ಆಗಸ್ಟಿನಲ್ಲಿ ರಸ್ತೆ, ಕರೆಂಟು, ಫೋನು ಒಟ್ಟೊಟ್ಟಿಗೆ ಕಡಿದುಹೋದ ಊರುಗಳಿದ್ದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ ಜರಿಯಿತು. ಇಂಥ ದಿನಕ್ಕೆ ಕೇಂದ್ರದಲ್ಲಿ ಮೂರು ಸಿದ್ಧತೆ ಬೇಕು. ಜನರೇಟರಿಗೆ ಹಲವು ದಿನಗಳಿಗಾಗುವಷ್ಟು ಡೀಸೆಲ್ ಮೇ ತಿಂಗಳೊಳಗೆ ಬಂದಿರಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆಯ ಎಚ್ಚರಿಕೆಗಳು ಸ್ಟುಡಿಯೊದ ಪರದೆಗೆ ತಾನಾಗಿ ಬಂದು ಬೀಳಬೇಕು, ಆದರೆ ಜಿಲ್ಲಾಡಳಿತದೊಡನೆ ಖಚಿತಪಡಿಸಿಕೊಂಡು ಮೈಕಿನಲ್ಲಿ ಓದುವವರು ಮನುಷ್ಯರೇ ಆಗಿರಬೇಕು. ಯಾವ ಸೂಚನೆ ಯಾವ ಗಂಟೆಗೆ ಹಳತಾಯಿತು ಎಂಬ ದಾಖಲೆಯೂ ಇರಬೇಕು, ಏಕೆಂದರೆ ತೆರೆದ ರಸ್ತೆಯನ್ನು ಮುಚ್ಚಿದೆ ಎನ್ನುವುದಕ್ಕಿಂತ ಮುಚ್ಚಿದ ರಸ್ತೆಯನ್ನು ತೆರೆದಿದೆ ಎನ್ನುವುದು ಅಪಾಯ. ಇದರ ಜೊತೆಗೆ ಸಾಮಾನ್ಯ ಸೂಚನೆಗಳನ್ನು ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು, ಹಿಂದಿಯಲ್ಲಿ ಮೊದಲೇ ಧ್ವನಿಮುದ್ರಿಸಿ ಇಡುವುದು ಒಳ್ಳೆಯದು. ಇಂದು ತೋಟದ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ.

ಮೊಬೈಲಿಗೆ ಬಂದಾಗ

ಜಿಲ್ಲಾ ಕೇಂದ್ರ ತನ್ನದೇ ಆ್ಯಪ್ ಮಾಡುವ ಅಗತ್ಯವಿಲ್ಲ. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್ ಮೊದಲಿನಿಂದ ಇದೆ, 2024ರ ನವೆಂಬರಿನಲ್ಲಿ ವೇವ್ಸ್ ಎಂಬ ಒಟಿಟಿ ವೇದಿಕೆಯೂ ಬಂದಿದೆ. ಕೇಂದ್ರ ಮಾಡಬೇಕಾದದ್ದು ಅಲ್ಲಿಗೆ ಒಳ್ಳೆಯ ಸರಕು ಕಳಿಸುವುದು. ಒಂದು ಗಂಟೆಯ ಪ್ರಸಾರವನ್ನು ಹಾಗೆಯೇ ಏರಿಸಿದರೆ ಕೇಳುವವರಿಲ್ಲ. ಕಾಳುಮೆಣಸಿನ ಸೊರಗು ರೋಗದ ಬಗ್ಗೆ ತಜ್ಞರು ಮಾತಾಡಿದ 12 ನಿಮಿಷವನ್ನು ಬಿಡಿಸಿ, ವಿಷಯವನ್ನೇ ಶೀರ್ಷಿಕೆಯಾಗಿಟ್ಟು ಏರಿಸಿದರೆ ಬೆಳೆಗಾರರು ಹುಡುಕಿಕೊಂಡು ಬರುತ್ತಾರೆ. ಮಾತಿನ ಕಾರ್ಯಕ್ರಮಕ್ಕೆ ಧ್ವನಿ ಕಡತವನ್ನು ಕುಗ್ಗಿಸುವ ಓಪಸ್ ಸಂಕೇತನದಲ್ಲಿ ಸೆಕೆಂಡಿಗೆ 32 ಕಿಲೋಬಿಟ್ ಸಾಕು, ಗಂಟೆಗೆ 15 ಮೆಗಾಬೈಟಿನೊಳಗೆ ಮುಗಿಯುತ್ತದೆ; ದುಡಿಯ ಹಾಡಿಗೆ ಮಾತ್ರ ಇಷ್ಟು ಜಿಪುಣತನ ಬೇಡ.

ನೇರ ಪ್ರಸಾರದ ಬಗ್ಗೆ ಸಣ್ಣದೊಂದು ಎಚ್ಚರಿಕೆಯಿದೆ. ಅಂತರಜಾಲದ ಧ್ವನಿ ತರಂಗಕ್ಕಿಂತ ಹತ್ತಾರು ಸೆಕೆಂಡು ತಡವಾಗಿ ತಲುಪುತ್ತದೆ. ತುಲಾ ಸಂಕ್ರಮಣದ ತೀರ್ಥೋದ್ಭವದ ವೀಕ್ಷಕ ವಿವರಣೆಯನ್ನು ಆ್ಯಪಿನಲ್ಲಿ ಕೇಳುವವರಿಗೆ ಆ ಕ್ಷಣ ಕಳೆದ ಮೇಲೆ ಸುದ್ದಿ ಬರುತ್ತದೆ, ವೇಳೆ ಸೂಚಿಸುವ ಪಿಪ್ ಸದ್ದಿಗೆ ಗಡಿಯಾರ ಹೊಂದಿಸಿಕೊಂಡವರದಂತೂ ತಪ್ಪೇ ಆಗುತ್ತದೆ. ಇದನ್ನು ಉದ್ಘೋಷಕರು ಆಗಾಗ ಹೇಳಿದರೆ ಸಾಕು. ಫೋನಿನೊಳಗೆ ಎಫ್‌.ಎಂ. ಗ್ರಾಹಕ ಇರುವವರು ಇಯರ್‌ಫೋನ್ ತಂತಿಯನ್ನೇ ಆಂಟೆನಾ ಮಾಡಿಕೊಂಡು ಡೇಟಾ ಇಲ್ಲದೆ ಕೇಳಬಹುದೆಂಬುದನ್ನೂ ಹೇಳುತ್ತಿರಬೇಕು. ಈ ಸೌಲಭ್ಯವನ್ನು ಮುಚ್ಚಬಾರದೆಂದು ಕೇಂದ್ರ ಸರ್ಕಾರ 2023ರಲ್ಲಿ ಫೋನು ತಯಾರಕರಿಗೆ ಸಲಹೆ ನೀಡಿತ್ತು.

ಇಷ್ಟಾದ ಮೇಲೆ, ವರ್ಷಕ್ಕೊಮ್ಮೆ ಜುಲೈ ತಿಂಗಳ ಒಂದು ರಾತ್ರಿ ಕೇಂದ್ರದ ಮುಖ್ಯ ವಿದ್ಯುತ್ತನ್ನು ತಾವಾಗಿಯೇ ಆರಿಸಿ, ಅಂತರಜಾಲದ ತಂತಿಯನ್ನೂ ತೆಗೆದು, ಒಂದು ಗಂಟೆ ಪ್ರಸಾರ ನಡೆಸಿ ನೋಡಬೇಕು. ಅದೇ ಹೊತ್ತಿಗೆ ಸಿಬ್ಬಂದಿಯೊಬ್ಬರು ಭಾಗಮಂಡಲದ ಯಾವುದಾದರೂ ಮನೆಯಲ್ಲಿ ಅಗ್ಗದ ರೇಡಿಯೊ ಹಿಡಿದು ಕುಳಿತು, ಕೇಳಿಸಿದ್ದನ್ನೂ ಕೇಳಿಸದ್ದನ್ನೂ ನಿಮಿಷ ಸಮೇತ ಪುಸ್ತಕದಲ್ಲಿ ಬರೆದುಕೊಳ್ಳಲಿ. ಮುಂದಿನ ವರ್ಷದ ಖರೀದಿಯ ಪಟ್ಟಿಯನ್ನು ಆ ಪುಸ್ತಕ ನೋಡಿ ತಯಾರಿಸಬೇಕು.