ಬುಲೆಟ್ ಸಾಲಿನಲ್ಲಿ ಎರಡನೇ ಗಾಡಿ

ನನ್ನ ಗಾಡಿ ಹೋಂಡಾ ಶೈನ್, 125 ಸಿಸಿ. ವಾರಪೂರ್ತಿ ಅದರ ಕೆಲಸ ಜೀನ್ಸ್ ಬಂಡಲ್ ಹೊರುವುದು. ಬಳ್ಳಾರಿಯಲ್ಲಿ ಒಂದು ಜೀನ್ಸ್ ಪ್ಯಾಂಟು ಒಂದೇ ಸೂರಿನಡಿ ತಯಾರಾಗುವುದು ಕಡಿಮೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ಯಾರದೋ ಮನೆಯಲ್ಲಿ, ವಾಷಿಂಗ್ ಮತ್ತೊಂದು ಕಡೆ. ಇವುಗಳ ನಡುವೆ ತಿರುಗುವುದು ನಾನು ಮತ್ತು ಶೈನ್. ಭಾನುವಾರ ಮಾತ್ರ ಹಿಂದಿನ ಸೀಟು ಖಾಲಿ.

ಆ ಖಾಲಿ ಸೀಟೇ ನನ್ನನ್ನು ನಮ್ಮೂರಿನ ಬೈಕ್ ಕ್ಲಬ್ಬಿಗೆ ಎಳೆದುಕೊಂಡು ಹೋಗಿದ್ದು. ಅಲ್ಲಿ ಜಾಸ್ತಿ ಇರುವುದು ಎಲ್ಲರೂ ಬುಲೆಟ್ ಅನ್ನುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಎರಡು ಡಾಮಿನಾರ್, ಒಂದು ಹಿಮಾಲಯನ್, ಒಂದು ಇಂಟರ್‌ಸೆಪ್ಟರ್ 650. ಕುದುರೆಶಕ್ತಿ ಲೆಕ್ಕ ಹಾಕಿದರೆ ಕ್ಲಾಸಿಕ್‌ಗೆ 20, ಡಾಮಿನಾರ್‌ಗೆ 40, ಇಂಟರ್‌ಸೆಪ್ಟರ್‌ಗೆ 47. ನನ್ನದಕ್ಕೆ ಹನ್ನೊಂದೂ ತುಂಬುವುದಿಲ್ಲ. ಸಣ್ಣ ಗಾಡಿ ತರಬಾರದು ಅಂತ ಅವರಲ್ಲಿ ನಿಯಮವೇನೂ ಇರಲಿಲ್ಲ. ಲೈಸೆನ್ಸು, ಇನ್ಶೂರೆನ್ಸು, ಮುಖ ಮುಚ್ಚುವ ಹೆಲ್ಮೆಟ್, ಕೈಗವಸು, ಪಾದ ಮುಚ್ಚುವ ಶೂ ಇದ್ದರೆ ಸಾಕು ಅಂದರು. "ಬರ್ರಿ, ನಾವು ನಿಧಾನಕ್ಕ ಹೋಗ್ತೀವಿ" ಅಂತಲೂ ಅಂದರು. ಅವರ "ನಿಧಾನ" ಅಂದರೆ ಎಷ್ಟು ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಮೊದಲ ರೈಡು ಮಸ್ಕಿಗೆ. ಸಿರುಗುಪ್ಪ, ಸಿಂಧನೂರು ದಾಟಿ ಹೋಗುವ ದಾರಿ, ಒಂದು ಕಡೆಗೆ ಸುಮಾರು 120 ಕಿಲೋಮೀಟರ್. ಡಿಸೆಂಬರ್ ತಿಂಗಳು, ಬೆಳಗಿನ ಐದೂವರೆ, ಒಟ್ಟು ಹದಿನಾಲ್ಕು ಗಾಡಿ. ಸಾಲು ನಿಲ್ಲಿಸುವಾಗ ನನ್ನನ್ನು ಕೊನೆಗೆ ಹಾಕಿದರು. ನನ್ನ ಹಿಂದೆ ಇದ್ದದ್ದು ಸ್ವೀಪ್ ಒಬ್ಬನೇ. ಅಂದರೆ ಯಾರೂ ಹಿಂದೆ ಉಳಿಯದ ಹಾಗೆ ನೋಡಿಕೊಳ್ಳುವವನು. ಸಣ್ಣ ಗಾಡಿ, ನಿಧಾನದ ಗಾಡಿ, ಆದ್ದರಿಂದ ಹಿಂದೆ ಇರಲಿ. ನನಗೂ ಅದು ಸರಿ ಅನ್ನಿಸಿತು. ಮುಂದೆ ನಿಂತು ಎಲ್ಲರಿಗೂ ಅಡ್ಡಿ ಆಗುವುದಕ್ಕಿಂತ ಮೇಲು ಅಲ್ವಾ?

ಸಿರುಗುಪ್ಪ ತಲುಪುವ ಮೊದಲೇ ಎಡವಟ್ಟು ಗೊತ್ತಾಗತೊಡಗಿತು. ಆ ದಾರಿಯಲ್ಲಿ ಊರು ಬಂದಾಗೆಲ್ಲ ಹಂಪ್. ಲೀಡ್, ಅಂದರೆ ಎಲ್ಲರಿಗಿಂತ ಮುಂದೆ ಹೋಗುವವನು, ಹಂಪ್ ಹತ್ತಿರ 30ಕ್ಕೆ ಇಳಿಸುತ್ತಾನೆ, ದಾಟಿ ಮತ್ತೆ 80ಕ್ಕೆ ಏರಿಸುತ್ತಾನೆ. ಅವನು ಏರಿಸುವ ಹೊತ್ತಿಗೆ ನಾನಿನ್ನೂ ಹಂಪಿನ ಈಚೆ ಇದ್ದೇನೆ. ಒಬ್ಬೊಬ್ಬರೇ ದಾಟಿ ನನ್ನ ಸರದಿ ಬರುವಷ್ಟರಲ್ಲಿ ಲೀಡ್ ಅರ್ಧ ಕಿಲೋಮೀಟರ್ ಮುಂದೆ. ನಡುವೆ ಒಂದು ಟ್ರ್ಯಾಕ್ಟರ್ ಸೇರಿಕೊಂಡರೆ ಇನ್ನೂ ದೂರ. ಸಾಲು ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತದೆ, ಹಿಗ್ಗಿದ್ದನ್ನು ಎಳೆದು ತರುವ ಕೆಲಸ ಕೊನೆಯವನದು. ಲೀಡ್ 80ರಲ್ಲಿ ಆರಾಮಾಗಿ ಹೋಗುತ್ತಿದ್ದರೆ ಅವನನ್ನು ಹಿಡಿಯಲು ನಾನು 95ರಲ್ಲಿ ಹೋಗಬೇಕು. ಶೈನ್‌ನಲ್ಲಿ 95 ಅಂದರೆ ಥ್ರಾಟಲ್ ಪೂರ್ತಿ ತಿರುಗಿಸಿ, ಟ್ಯಾಂಕಿಗೆ ಎದೆ ಒತ್ತಿ, ದೇವರ ಮೇಲೆ ಭಾರ ಹಾಕಿ ಕೂರುವುದು. ಅಂತೂ ಹಿಡಿದೆ ಅನ್ನುವಷ್ಟರಲ್ಲಿ ಮುಂದಿನ ಊರು, ಮುಂದಿನ ಹಂಪ್.

ಹದಿನಾಲ್ಕು ಗಾಡಿಗಳಲ್ಲಿ ಎಲ್ಲಕ್ಕಿಂತ ಸಣ್ಣ ಎಂಜಿನ್ನು ಎಲ್ಲಕ್ಕಿಂತ ಜೋರಾಗಿ ಓಡುತ್ತಿತ್ತು.

ಸಿರುಗುಪ್ಪ ದಾಟಿದ ಮೇಲೆ, ದಢೇಸೂಗೂರಿನ ತುಂಗಭದ್ರಾ ಸೇತುವೆಗೆ ಇನ್ನೂ ಸ್ವಲ್ಪ ದೂರ ಇರುವಾಗ, ಭತ್ತದ ಲಾರಿ ಅಡ್ಡ ಬಂತು. ಕೊಯ್ಲಿನ ಕಾಲ, ರಸ್ತೆ ತುಂಬ ಭತ್ತದ್ದೇ ಗಾಡಿಗಳು. ಮುಂದಿದ್ದ ಕ್ಲಾಸಿಕ್ ಲಾರಿಯನ್ನು ಸಲೀಸಾಗಿ ದಾಟಿತು. ದಾಟಿದವನು ಎಡಗೈ ಬೀಸಿ ನನಗೂ ಬಾ ಅಂದ. ನಾನು ಹೊರಟೆ. ಲಾರಿಯ ಅರ್ಧಕ್ಕೆ ಬಂದಾಗ ಎದುರಿಗೆ ಬಸ್ಸು ಕಾಣಿಸಿತು. ನಾಲ್ಕನೇ ಗೇರಿಗೆ ಇಳಿಸಿ ತಿರುಗಿಸಿದೆ, ಕೂಗು ಜೋರಾಯಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಬಸ್ಸಿನವನು ಲೈಟು ಹೊಡೆಯುತ್ತಲೇ ಇದ್ದ. ಬ್ರೇಕ್ ಒತ್ತಿ ಮತ್ತೆ ಲಾರಿಯ ಹಿಂದೆ ಸೇರಿಕೊಂಡೆ. ಅಷ್ಟರಲ್ಲಿ ಬಸ್ಸು ಪಕ್ಕದಲ್ಲೇ ಹಾದುಹೋಯಿತು, ಅದರ ಗಾಳಿಗೆ ಹೆಲ್ಮೆಟ್ ಅಲುಗಿತು.

ಸಿಂಧನೂರಿನಲ್ಲಿ ಚಹಾಕ್ಕೆ ನಿಂತಾಗ ಸ್ವೀಪ್ ಹತ್ತಿರ ಬಂದು ಒಂದೇ ಮಾತು ಕೇಳಿದ. "ಯಾರನ್ ಹಿಡಿಯಾಕ್ ಹೊಂಟಿದ್ದಿ?"

ಮಸ್ಕಿಯಲ್ಲಿ ಎಲ್ಲರೂ ಅಶೋಕನ ಶಾಸನ ನೋಡಲು ಬಂಡೆಯ ಹತ್ತಿರ ಹೋದರು. 1915ರಲ್ಲಿ ಸಿಕ್ಕ ಶಾಸನ ಅದು. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ಬರೀ ದೇವಾನಾಂಪ್ರಿಯ ಅಂತ ಇತ್ತು, ಅಶೋಕ ಅನ್ನುವ ಹೆಸರೇ ಓದಲು ಸಿಕ್ಕಿದ್ದು ಇಲ್ಲಿ. ನಾನು ಅವತ್ತು ಅದನ್ನು ಸರಿಯಾಗಿ ನೋಡಲೇ ಇಲ್ಲ. ಅಂಗೈ ಜುಮ್ ಅನ್ನುತ್ತಿತ್ತು, ನೀರಿನ ಬಾಟಲಿ ಮುಚ್ಚಳ ತಿರುಗಿಸಲು ಬೆರಳಿಗೆ ಬಲ ಇರಲಿಲ್ಲ. ಯಾವಾಗಲೂ ಲೀಟರಿಗೆ 55 ಕೊಡುವ ಗಾಡಿ ಅವತ್ತು 42 ಕೊಟ್ಟಿತ್ತು.

ಮನೆಗೆ ಬಂದು ಕಟಿಂಗ್ ಟೇಬಲ್ಲಿನ ಪ್ಯಾಟರ್ನ್ ಕಾಗದದ ಮೇಲೆ ಆ ಲಾರಿಯ ಲೆಕ್ಕ ಹಾಕಿದೆ. ಲಾರಿ 60ರಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಅದರ ಹಿಂದಿನಿಂದ ಹೊರಟು, ಉದ್ದ ದಾಟಿ, ಮುಂದೆ ಜಾಗ ಬಿಟ್ಟು ಎಡಕ್ಕೆ ಸೇರಲು ಲಾರಿಗಿಂತ 40 ಮೀಟರ್ ಹೆಚ್ಚು ಹೋಗಬೇಕು. ನಾನು 75ರಲ್ಲಿ ಹೋದರೆ ಇದಕ್ಕೆ ಹತ್ತು ಸೆಕೆಂಡ್ ಹತ್ತಿರ ಬೇಕು. ಅಷ್ಟರಲ್ಲಿ ನಾನು 200 ಮೀಟರ್ ಹೋಗಿರುತ್ತೇನೆ, ಎದುರಿನ ಬಸ್ಸು 80ರಲ್ಲಿ ಇನ್ನೊಂದು 200 ಮೀಟರಿಗೂ ಹೆಚ್ಚು ಬಂದಿರುತ್ತದೆ. ಅಂದರೆ ಕಣ್ಣಿಗೆ 400 ಮೀಟರಿಗೂ ಹೆಚ್ಚು ಖಾಲಿ ರಸ್ತೆ ಕಾಣಬೇಕು, ಅದೂ ಒಂದು ಚೂರೂ ಹೆಚ್ಚುವರಿ ಜಾಗ ಇಟ್ಟುಕೊಳ್ಳದೆ. ಅದೇ ಲಾರಿಯನ್ನು 100ರಲ್ಲಿ ದಾಟುವವನಿಗೆ ನಾಲ್ಕು ಸೆಕೆಂಡೂ ಬೇಡ, 180 ಮೀಟರ್ ಸಾಕು. ಕೈ ಬೀಸಿ ನನ್ನನ್ನು ಕರೆದವನು ಸುಳ್ಳು ಹೇಳಿರಲಿಲ್ಲ. ಅವನ ಗಾಡಿಗೆ ಸಾಕಾಗುವ ರಸ್ತೆ ನಿಜವಾಗಿಯೂ ಖಾಲಿ ಇತ್ತು.

ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ. ಅದರ ಇನ್ನೊಂದು ಬದಿಯಲ್ಲಿ 34 ಸೈಜಿನ ಕಿಸೆ ಇದೆ.

ಆಮೇಲೆ ಆರೇಳು ತಿಂಗಳು ಹೋಗಲಿಲ್ಲ. ಕೇಳಿದವರಿಗೆ ಸೀಸನ್ ಕೆಲಸ ಅಂದೆ. ನಿಜ ಹೇಳಬೇಕೆಂದರೆ ನಾಚಿಕೆ. ಒಂದು ದಿನ ಲೀಡ್ ತಾನೇ ಅಂಗಡಿಗೆ ಬಂದ, ಪ್ಯಾಂಟು ಆಲ್ಟರ್ ಮಾಡಿಸಲು. ಲೆಕ್ಕದ ಕಾಗದ ತೋರಿಸಿದೆ. ಅವನು ಓದಿ ತಲೆ ಕೆರೆದುಕೊಂಡು, "ನಿಧಾನದ ಗಾಡಿ ಲೀಡ್ ಹಿಂದೇನೇ ಇರಬೇಕು ಅಂತ ನಮಗ ಗೊತ್ತೈತಿ. ಅವತ್ತು ತಪ್ಪಾತು" ಅಂದ. ಗೊತ್ತಿದ್ದೂ ಮಾಡಿರಲಿಲ್ಲ, ಯಾಕಂದರೆ ಅದುವರೆಗೆ ಅವರ ಸಾಲಿನಲ್ಲಿ ಅಷ್ಟು ಸಣ್ಣ ಗಾಡಿಯೇ ಇರಲಿಲ್ಲ.

ಆಗಸ್ಟ್‌ನಲ್ಲಿ ಸಂಡೂರಿಗೆ ಹೊರಟಾಗ ನನ್ನ ಜಾಗ ಎರಡನೆಯದು. ಲೀಡ್ ನಮ್ಮ ಪಥದ ಬಲಭಾಗದಲ್ಲಿ, ನಾನು ಒಂದು ಸೆಕೆಂಡ್ ಹಿಂದೆ ಎಡಭಾಗದಲ್ಲಿ, ಮೂರನೆಯವನು ಮತ್ತೆ ಬಲಕ್ಕೆ. ಹೀಗೆ ಒಬ್ಬರು ಬಲಕ್ಕೆ ಒಬ್ಬರು ಎಡಕ್ಕೆ ನಿಂತರೆ ನೇರ ಮುಂದಿರುವ ಗಾಡಿಗೂ ನಮಗೂ ಎರಡು ಸೆಕೆಂಡ್ ಅಂತರ ಸಿಗುತ್ತದೆ, ಸಾಲೂ ಉದ್ದ ಆಗುವುದಿಲ್ಲ. ರಸ್ತೆ ಕಿರಿದಾದರೆ, ತಿರುವು ಬಂದರೆ ಒಂದೇ ಸಾಲು. ಎಲ್ಲಕ್ಕಿಂತ ಮುಖ್ಯ ಅಂದರೆ ನಾನು ಲೀಡ್‌ನ ಕನ್ನಡಿಯಲ್ಲಿ ಕಾಣುತ್ತಿದ್ದೆ. ಕನ್ನಡಿಯಲ್ಲಿ ನಾನು ಸಣ್ಣ ಆದರೆ ಅವನು ಥ್ರಾಟಲ್ ಸಡಿಲ ಬಿಡುತ್ತಿದ್ದ. ಹಂಪ್ ದಾಟಿದ ಮೇಲೆ ಹಿಗ್ಗುವ ರಬ್ಬರ್ ಬ್ಯಾಂಡು ನನ್ನ ಹಿಂದೆ ಹಿಗ್ಗುತ್ತಿತ್ತು, ಅದನ್ನು ಎಳೆದುಕೊಳ್ಳಲು 20 ಕುದುರೆಶಕ್ತಿಯವರು ಇದ್ದರು. ಕುಡಿತಿನಿಯ ವಿದ್ಯುತ್ ಸ್ಥಾವರದ ಚಿಮಣಿಗಳು ಕಂಡಾಗ ಮೀಟರ್ ನೋಡಿದೆ. 68. ಕೈ ಜುಮ್ ಅನ್ನುತ್ತಿರಲಿಲ್ಲ. ಮೊದಲ ಸಲ ಸುತ್ತಮುತ್ತ ನೋಡಿದೆ.

ಎಲ್ಲರಿಗೂ ಇದು ಹಿಡಿಸಿತು ಅಂತೇನಿಲ್ಲ. ಒಬ್ಬ ಡಾಮಿನಾರ್‌ನವನು ತೋರಣಗಲ್ಲಿನಲ್ಲಿ ನಿಂತಾಗ "ನಿದ್ದಿ ಬರ್ತೈತಿ ಯಣ್ಣಾ" ಅಂದ. ಅವನ ಮಾತೂ ತಪ್ಪಲ್ಲ, 40 ಕುದುರೆಶಕ್ತಿ ಇಟ್ಟುಕೊಂಡು 68ರಲ್ಲಿ ಹೋಗುವುದು ಸುಲಭ ಅಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲೂ ಕಾನೂನಿನ ಪ್ರಕಾರ ಬೈಕಿಗೆ 80ರ ಮಿತಿ ಇದೆ, ನಮ್ಮಿಬ್ಬರ ನಡುವೆ ಇರುವುದು ಬರೀ 12 ಅಂತ ಹೇಳಬಹುದಿತ್ತು. ಹೇಳಿದ್ದರೆ ಜಗಳ ಆಗುತ್ತಿತ್ತು. ಲೀಡ್ ಗುಂಪನ್ನು ಎರಡು ಮಾಡಿದ. ಅವಸರ ಇರುವ ಐವರು ತಮ್ಮದೇ ಲೀಡ್ ಜೊತೆ ಮುಂದೆ ಹೋಗಿ ಸಂಡೂರಿನಲ್ಲಿ ಕಾಯುವುದು. ನಾವು ತಲುಪಿದಾಗ ಅವರು ಒಗ್ಗರಣೆ ಮಿರ್ಚಿ ಆರ್ಡರ್ ಮಾಡಿ ಇನ್ನೂ ಕಾಯುತ್ತಾ ಕೂತಿದ್ದರು.

ಅವತ್ತೇ ಇನ್ನೊಂದು ಮಾತು ತೀರ್ಮಾನವಾಯಿತು. ಓವರ್‌ಟೇಕ್ ಮಾಡಿದವನು ಹಿಂದಿನವನಿಗೆ ಬಾ ಅಂತ ಕೈ ಬೀಸುವ ಹಾಗಿಲ್ಲ. ಗುಂಡಿ ತೋರಿಸಲಿ, ಮಣ್ಣು ತೋರಿಸಲಿ, ನಿಲ್ಲಿಸು ಅನ್ನಲಿ. ದಾಟುವುದು ಮಾತ್ರ ಅವರವರ ಕಣ್ಣು, ಅವರವರ ಗಾಡಿ. ದಾಟಿದವನು ಲಾರಿಯ ಮೂತಿಯ ಮುಂದೆಯೇ ನಿಧಾನ ಮಾಡದೆ ಮುಂದೆ ಹೋಗಿ ಜಾಗ ಬಿಡಬೇಕು. ಸಂಡೂರು ದಾರಿಯ ಅದಿರು ಲಾರಿಗಳ ಹಿಂದೆ ಕೆಂಪು ದೂಳು ತಿನ್ನುತ್ತಾ ಒಂದೊಂದು ಸಲ ಎರಡು ಕಿಲೋಮೀಟರ್ ಹೋಗಿದ್ದೇನೆ. ಹೆಲ್ಮೆಟ್ಟಿನ ವೈಸರ್ ಒರೆಸಲು ಒಂದು ಡೆನಿಮ್ ತುಂಡು ಕಿಸೆಯಲ್ಲಿ ಇದ್ದೇ ಇರುತ್ತದೆ. (ದೂಳನ್ನು ಒಣಗಿದ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಒದ್ದೆ ಮಾಡಿಕೊಳ್ಳಿ.)

ಸಂಡೂರಿನ ಆಚೆ ಒಂದು ಮಣ್ಣಿನ ದಾರಿಗೆ ಇಳಿದೆವು. ಹಿಂದಿನ ರಾತ್ರಿ ಮಳೆ ಬಂದಿತ್ತು. ಕೆಂಪು ಕೆಸರಿನಲ್ಲಿ 195 ಕಿಲೋದ ಕ್ಲಾಸಿಕ್ ಹೂತು, ನಾಲ್ಕು ಜನ ತಳ್ಳಿದರು. 114 ಕಿಲೋದ ನನ್ನ ಗಾಡಿ ಕಾಲೂರಿಕೊಂಡು ಆಮೆ ಹಾಗೆ ದಾಟಿತು. ಅವತ್ತು ಯಾರಿಗೂ ನಿದ್ದೆ ಬರಲಿಲ್ಲ.

ವೇಗಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಗಾಳಿ. ಮುಂದಿನ ವರ್ಷ ಜುಲೈನಲ್ಲಿ ಇಟಗಿಗೆ ಹೋದೆವು. ಹೊಸಪೇಟೆ ದಾಟಿ ಕೊಪ್ಪಳದ ಕಡೆ ಹೋಗುವ ಹೆದ್ದಾರಿ ಬಯಲು ಬಯಲು. ಮುಂಗಾರಿನಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಎದೆಗೇ ಹೊಡೆಯುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? 60ರಲ್ಲಿ ಹೋಗುವಾಗ ಎದುರಿನಿಂದ 30ರ ಗಾಳಿ ಬಂದರೆ ಎಂಜಿನ್ ಪಾಲಿಗೆ ಅದು 90ರ ಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಒಂದೂವರೆ ಪಟ್ಟು ಗಾಳಿ ಅಂದರೆ ಎರಡು ಪಟ್ಟಿಗಿಂತ ಹೆಚ್ಚು ತಡೆ. ಐದನೇ ಗೇರಿನಲ್ಲಿ ಗಾಡಿ ಉಸಿರುಗಟ್ಟಿ 62ಕ್ಕೆ ಇಳಿಯಿತು. ಮೊದಲು ನಾನು ಐದರಲ್ಲೇ ಪೂರ್ತಿ ತಿರುಗಿಸಿ ಹಟ ಮಾಡುತ್ತಿದ್ದೆ. ನಾಲ್ಕಕ್ಕೆ ಇಳಿಸಿ ಎಂಜಿನ್ನನ್ನು ಅದರ ಪಾಡಿಗೆ ತಿರುಗಲು ಬಿಟ್ಟಾಗ 66ರಲ್ಲಿ ನಿಂತಿತು. ಹ್ಯಾಂಡಲ್ ಬಿಗಿ ಹಿಡಿಯುವುದೂ ಬಿಟ್ಟೆ. ಹಗುರ ಗಾಡಿ ಗಾಳಿಗೆ ಒಂದಡಿ ಆಚೆ ಈಚೆ ಸರಿಯುತ್ತದೆ, ಸರಿಯಲಿ. ಹೆದರಿ ಕೈ ಬಿಗಿ ಮಾಡಿದರೆ ಇನ್ನೂ ಅಲುಗುತ್ತದೆ.

ಲಾರಿಯ ಹಿಂದೆ ಅಂಟಿಕೊಂಡರೆ ಗಾಳಿ ತಟ್ಟುವುದಿಲ್ಲ. ಆ ಆಸೆ ನನಗೂ ಬಂದಿತ್ತು, ಒಂದೆರಡು ನಿಮಿಷ ಮಾಡಿಯೂ ನೋಡಿದೆ. ಮುಂದಿನ ರಸ್ತೆ ಕಾಣುವುದಿಲ್ಲ, ಚಕ್ರದಡಿ ಗುಂಡಿ ಬಂದ ಮೇಲೆಯೇ ಗೊತ್ತಾಗುವುದು. ಸ್ವೀಪ್ ಹಿಂದಿನಿಂದ ಬಂದು ಪಕ್ಕದಲ್ಲಿ ಹಾರ್ನ್ ಹೊಡೆದ. ಅದೇ ಸ್ವೀಪ್.

ಇಟಗಿಯ ಮಹಾದೇವ ದೇವಾಲಯವನ್ನು ಮಾತ್ರ ಸಮಾಧಾನವಾಗಿ ನೋಡಿದೆ. 1112ರಲ್ಲಿ ಚಾಲುಕ್ಯರ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲೇ ಅದನ್ನು ದೇವಾಲಯ ಚಕ್ರವರ್ತಿ ಅಂದಿದ್ದಾರೆ. ಕಂಬಗಳ ನುಣುಪು ನೋಡಿದರೆ ಕಲ್ಲನ್ನು ಇಸ್ತ್ರಿ ಮಾಡಿದ್ದಾರೇನೋ ಅನ್ನಿಸುತ್ತದೆ. ಬರುವಾಗ ಅದೇ ಗಾಳಿ ಬೆನ್ನಿಗೆ, ಶೈನ್ ತಾನಾಗಿಯೇ 80 ತೋರಿಸುತ್ತಿತ್ತು. ಹೊಸಪೇಟೆಯಲ್ಲಿ ಇಂಟರ್‌ಸೆಪ್ಟರ್‌ನವನು ಪೆಟ್ರೋಲ್ ಹಾಕಿಸಿದ, ಕ್ಲಾಸಿಕ್‌ಗಳೂ ಸಾಲು ನಿಂತವು. ನಾನು ನೆರಳಲ್ಲಿ ನಿಂತು ಶೇಂಗಾ ತಿಂದೆ. ಹತ್ತೂವರೆ ಲೀಟರ್ ಟ್ಯಾಂಕು, ಬೆಳಿಗ್ಗೆ ತುಂಬಿಸಿದ್ದು ಇನ್ನೂ ಅರ್ಧಕ್ಕೂ ಇಳಿದಿರಲಿಲ್ಲ.

ತಯಾರಿ ಅಂತ ನಾನು ಮಾಡುವುದು ಸ್ವಲ್ಪವೇ. ಶನಿವಾರ ರಾತ್ರಿ ಚೈನು ಸಡಿಲ ನೋಡುತ್ತೇನೆ. ಬೆಳಿಗ್ಗೆ ಟಯರ್ ತಣ್ಣಗಿರುವಾಗಲೇ ಗಾಳಿ ನೋಡಿಸುತ್ತೇನೆ, ಸ್ಟಿಕ್ಕರ್ ಮೇಲೆ ಬರೆದಷ್ಟೇ. ಎಂಜಿನ್ ಆಯಿಲ್ಲನ್ನು ಬೇಗ ಬದಲಿಸುತ್ತೇನೆ, ಯಾಕಂದರೆ ಸಣ್ಣ ಎಂಜಿನ್ನು ಗಂಟೆಗಟ್ಟಲೆ ಜೋರು ತಿರುಗಿದರೆ ಇರುವ ಮುಕ್ಕಾಲು ಲೀಟರ್ ಚಿಲ್ಲರೆ ಆಯಿಲ್ಲೇ ಎಲ್ಲಾ ಬಿಸಿ ತಡೆಯಬೇಕು. ಬಟ್ಟೆ ವಿಷಯದಲ್ಲಿ ಒಂದು ಮಾತು, ಜೀನ್ಸ್ ಹೊಲಿಸುವವನಾಗಿ ಹೇಳುತ್ತೇನೆ. ನಾವು ಮಾಡುವ ಸಾದಾ ಜೀನ್ಸ್ ನೋಡಲು ಗಟ್ಟಿ, ಡಾಂಬರಿನ ಮೇಲೆ ಉಜ್ಜಿದರೆ ಕ್ಷಣದಲ್ಲಿ ತೂತು. ಅದನ್ನೇ ಹಾಕಿಕೊಂಡು ಬಂದವರಿಗೆ ಮೊಣಕಾಲು ಗಾರ್ಡ್ ಕಟ್ಟಿಕೊಳ್ಳಿ ಅನ್ನುತ್ತೇನೆ. ವ್ಯಾಪಾರಕ್ಕೆ ನಷ್ಟ ಏನಿಲ್ಲ, ಪ್ಯಾಂಟು ಹೇಗೂ ಕೊಂಡಾಗಿದೆ.

ಇನ್ನೊಂದು ಅಭ್ಯಾಸ ಆಗಿದೆ. ರೈಡಿನ ಹಿಂದಿನ ದಿನವೇ ಲೀಡ್‌ಗೆ ಫೋನ್ ಮಾಡಿ "ನಾನು 70ರವನು" ಅಂತ ಹೇಳಿಬಿಡುತ್ತೇನೆ. ಮುಂದೆ ಎಲ್ಲೆಲ್ಲಿ ನಿಲ್ಲುತ್ತೀರಿ ಅಂತಲೂ ಕೇಳಿ ಬರೆದುಕೊಳ್ಳುತ್ತೇನೆ. ಸಾಲು ಕಣ್ಣಿಗೆ ಕಾಣದೆ ಹೋದರೂ ಮುಂದಿನ ಚಹಾ ಎಲ್ಲಿ ಅಂತ ಗೊತ್ತಿದ್ದರೆ ಕೈ ತಾನಾಗಿಯೇ ಥ್ರಾಟಲ್ ತಿರುಗಿಸುವುದಿಲ್ಲ.

ಈ ಭಾನುವಾರ ಮುದಗಲ್ ಕೋಟೆಗೆ. ಮಸ್ಕಿ ದಾಟಿಯೇ ಹೋಗಬೇಕು, ನಾನು ಶಾಸನದ ಹತ್ತಿರ ನಿಲ್ಲಿಸಿ ಅಂತ ಮೊದಲೇ ಹೇಳಿದ್ದೇನೆ. ವಾಷಿಂಗ್ ಯೂನಿಟ್ಟಿನ ಒಬ್ಬ ಹುಡುಗ ಅಪ್ಪನ ಸ್ಪ್ಲೆಂಡರ್ ತರುತ್ತಾನಂತೆ. ಅದು 100 ಸಿಸಿಯೂ ಇಲ್ಲ. ನಿನ್ನೆ ಲೀಡ್‌ಗೆ ಫೋನ್ ಮಾಡಿದೆ. ಎರಡನೇ ಜಾಗ ಆ ಹುಡುಗನಿಗೆ. ನಾನು ಮೂರನೆಯವನು.