ಕರೆಂಟ್ ಹೋದರೂ ಲಾಗಿನ್ ಉಳಿಯಬೇಕು

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ನಾನು ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ರಾಶಿ, ಬೆಟ್ಟೆ, ಗೊರಬಲು, ಸರಕು ಅನ್ನುವ ಅಡಿಕೆ ಬಗೆಗಳಲ್ಲಿ ಯಾವುದು ಎಷ್ಟು ಬಂತು ಅನ್ನುವ ಲೆಕ್ಕ ತೀರ್ಥಹಳ್ಳಿ, ಹೊಸನಗರದ ಶಾಖೆಗಳಿಂದ ಮುಖ್ಯ ಸರ್ವರ್‌ಗೆ ಹೋಗಬೇಕು. ಅದಕ್ಕೆ ಪೈಥಾನ್‌ನಲ್ಲಿ ಒಂದು ಸಣ್ಣ ಲೈಬ್ರರಿ ಬರೆದೆ. ಜಾಸ್ತಿ ತಲೆ ಕೊಟ್ಟಿದ್ದು ಸೆಷನ್ ಕುಕಿಗೆ, ಅಂದರೆ ಲಾಗಿನ್ ಆದವರು ಯಾರು ಅನ್ನುವ ಸಣ್ಣ ಗುರುತಿಗೆ.

ಸರ್ವರ್ ಜೊತೆ ಮಾತಾಡುವ ಎಚ್‌ಟಿಟಿಪಿ ಪದ್ಧತಿಗೆ ನೆನಪಿನ ಶಕ್ತಿ ಇಲ್ಲ. ಲಾಗಿನ್ ಆದಾಗ ಸರ್ವರ್ ಒಂದು ಕುಕಿ ಕೊಡುತ್ತದೆ, ಆಮೇಲೆ ಪ್ರತಿ ಸಲವೂ ಅದನ್ನು ತೋರಿಸಬೇಕು. ಕೆಲವರು ಅದನ್ನು ವಿನಂತಿಯ ಹೆಡರ್‌ಗೆ (ಮೇಲಿನ ವಿವರಗಳ ಭಾಗಕ್ಕೆ) ಕೈಯಾರೆ ಅಂಟಿಸುತ್ತಾರೆ. ನಾನಂತೂ ಬೇಡ ಅನ್ನುತ್ತೇನೆ. ನಡುವೆ ಸರ್ವರ್ ಕುಕಿ ಬದಲಾಯಿಸಿದರೆ ಹಳೆಯದೇ ಹೋಗುತ್ತಿರುತ್ತದೆ. ರಿಕ್ವೆಸ್ಟ್ಸ್ ಅನ್ನುವ ಪೈಥಾನ್ ಲೈಬ್ರರಿಯ ಒಂದೇ ಸೆಷನ್ ಆಬ್ಜೆಕ್ಟ್ ಇಟ್ಟುಕೊಂಡರೆ, ಕುಕಿ ಎಲ್ಲೆಲ್ಲಿ ಹೋಗಬೇಕು ಅನ್ನುವ ಡೊಮೈನ್, ಪಾತ್, ಸೆಕ್ಯೂರ್ ನಿಯಮಗಳನ್ನೆಲ್ಲ ಅದೇ ನೋಡಿಕೊಳ್ಳುತ್ತದೆ.

ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಾಗಲ್ಲ. ಪ್ರೋಗ್ರಾಂ ನಿಂತರೆ ಕುಕಿಯೂ ಹೋಯಿತು. ನಮ್ಮ ಸರ್ವರ್‌ನಲ್ಲಿ ಒಂದು ಖಾತೆಗೆ ಒಂದೇ ಲಾಗಿನ್. ಹಳೆಯ ಸೆಷನ್ ಸಾಯುವ ತನಕ ಹೊಸಬರನ್ನು ಒಳಗೆ ಬಿಡಲ್ಲ. ಅತ್ತ ರೈತರು ಚೀಟಿಗೆ ಕಾಯುತ್ತಿರುತ್ತಾರೆ. ಹಾಗಾಗಿ ಸೆಷನ್ ಆಬ್ಜೆಕ್ಟ್‌ಗೆ ಮೊಜಿಲಾಕುಕಿಜಾರ್ (ಕುಕಿಗಳನ್ನು ಫೈಲಿನಲ್ಲಿ ಇಡಬಲ್ಲ ಪೈಥಾನ್‌ನ ಡಬ್ಬಿ) ಜೋಡಿಸಿ, ಕುಕಿಯನ್ನು ಫೈಲಿಗೆ ಬರೆಸಿದೆ.

ಇಲ್ಲಿ ಒಂದು ಗುಟ್ಟಿದೆ. ಅವಧಿ ಹೇಳುವ ಎಕ್ಸ್‌ಪೈರ್ಸ್, ಮ್ಯಾಕ್ಸ್-ಏಜ್ ಎರಡೂ ಇಲ್ಲದ ಕುಕಿಯೇ ಸೆಷನ್ ಕುಕಿ. ಸುಮ್ನೆ ಸೇವ್ ಅಂದರೆ ಜಾರ್ ಅದನ್ನು ಬಿಟ್ಟೇ ಬರೆಯುತ್ತದೆ. ಎರರ್ ಬರಲ್ಲ, ಫೈಲೂ ಇರುತ್ತದೆ, ತೆರೆದು ನೋಡಿದರೆ ಮೇಲಿನ ಟಿಪ್ಪಣಿ ಸಾಲುಗಳು ಮಾತ್ರ. ಸೇವ್, ಲೋಡ್ ಎರಡರಲ್ಲೂ ಇಗ್ನೋರ್_ಡಿಸ್ಕಾರ್ಡ್ (ಸೆಷನ್ ಕುಕಿಯನ್ನೂ ಬಿಡಬೇಡ ಅನ್ನುವ ಆಯ್ಕೆ) ಅನ್ನು ಟ್ರೂ ಮಾಡಬೇಕು. ಸೇವ್ ಮಾಡುವುದು ಲಾಗಿನ್ ಆದ ತಕ್ಷಣ, ಪ್ರೋಗ್ರಾಂ ಮುಗಿಯುವಾಗ ಅಲ್ಲ. ಕರೆಂಟ್ ಹೇಳಿ ಹೋಗಲ್ಲ ಅಲ್ವಾ? ಆ ಫೈಲ್ ಸಿಕ್ಕವರಿಗೆ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ದಾರಿ, ಅದಕ್ಕೇ ಅದರ ಪರ್ಮಿಷನ್ 600, ಅಂದರೆ ಫೈಲಿನ ಮಾಲೀಕ ಖಾತೆಗೆ ಮಾತ್ರ ಓದಲು, ಬರೆಯಲು ಅವಕಾಶ.

ಸೆಷನ್ ಮುಗಿದಾಗ 401 (ಲಾಗಿನ್ ಆಗಿಲ್ಲ ಅನ್ನುವ ಸರ್ವರ್ ಉತ್ತರ) ಬಂದರೆ ಜಾರ್ ಖಾಲಿ ಮಾಡಿ, ಒಂದೇ ಸಲ ಲಾಗಿನ್ ಆಗಿ, ಅದೇ ವಿನಂತಿ ಮತ್ತೆ ಕಳಿಸುತ್ತೇನೆ. ಮತ್ತೆ 401 ಬಂದರೆ ಎರರ್ ತೋರಿಸಿ ನಿಲ್ಲಿಸುತ್ತೇನೆ. ಕೆಲವು ಸರ್ವರ್‌ಗಳು 200 (ಎಲ್ಲ ಸರಿ) ಅಂತ ಹೇಳಿ ಲಾಗಿನ್ ಪುಟವನ್ನೇ ಕಳಿಸುತ್ತವೆ, ಅದಕ್ಕೆ ಉತ್ತರದ ಕಂಟೆಂಟ್-ಟೈಪ್ ಜೇಸನ್ (ಪುಟವಲ್ಲ, ಬರೀ ಮಾಹಿತಿ ಕಳಿಸುವ ರೂಪ) ಹೌದೋ ಅಲ್ಲವೋ ನೋಡುತ್ತೇನೆ.

ನೆಟ್‌ವರ್ಕ್ ಕಡಿದು ಉತ್ತರವೇ ಬರದಿದ್ದರೆ ಮಾತ್ರ ಕಣ್ಣುಮುಚ್ಚಿ ಮತ್ತೆ ಕಳಿಸಬಾರದು. 401 ಅಂದರೆ ಲೆಕ್ಕ ಸೇರಿಲ್ಲ ಅಂತ ಗೊತ್ತು. ಟೈಮ್‌ಔಟ್ ಆದರೆ ಸೇರಿರಲೂಬಹುದು. ಒಬ್ಬರ ಮೂಟೆ ಎರಡು ಸಲ ಲೆಕ್ಕಕ್ಕೆ ಬೀಳುವುದು ಬೇಡ ಅಂತ, ಮೊದಲು ಚೀಟಿ ನಂಬರ್ ಹಾಕಿ ಸರ್ವರ್‌ನಲ್ಲಿ ಹುಡುಕಿಸುತ್ತೇನೆ.